ಹೊಲಿಗೆ ಬಾರದವನು

ಶ್ರೀಕಂಠ ಮೊದಲ ದಿನವೇ ಎರಡು ಸೂಜಿ ಮುರಿದ.

ಅದು 2011ರ ದೀಪಾವಳಿ ಮುಗಿದ ವಾರ. ಡೊಂಬಿವ್ಲಿ ಪೂರ್ವದ ಹಳೇ ಹೌಸಿಂಗ್ ಸೊಸೈಟಿಯ ಗ್ರೌಂಡ್ ಫ್ಲೋರಿನಲ್ಲಿ ನಳಿನಾಕ್ಷಿ ಪ್ರತಿ ಶನಿವಾರ ಹೊಲಿಗೆ ಕ್ಲಾಸ್ ನಡೆಸುತ್ತಿದ್ದಳು. ಹದಿನೇಳು ಹೆಂಗಸರು, ಐದು ಮಷಿನ್. ಗಂಡಸರು ಅಂತ ಬಂದದ್ದು ಇವನೊಬ್ಬನೇ.

"ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ ಮೇಡಂ. ಊರು ಮೈಸೂರು," ಎಂದಿದ್ದ. "ನನ್ನ ಕೈ ನೋಡಿ, ಎಷ್ಟುದ್ದ! ಯಾವ ರೆಡಿಮೇಡ್ ಕುರ್ತಾನೂ ಮಣಿಕಟ್ಟು ಮುಟ್ಟಲ್ಲ. ನಾನೇ ಹೊಲ್ಕೋಬೇಕು ಅಂತ ಆಸೆ."

ಅವಳು ಕೈ ನೋಡಿದಳು. ಉದ್ದವೇ ಇತ್ತು. ಚೆಂದವೂ ಇತ್ತು. ಅಷ್ಟು ನೋಡಬಾರದಿತ್ತು ಅನ್ನಿಸಿ ಬಾಬಿನ್‌ಗೆ ದಾರ ತುಂಬಿಸತೊಡಗಿದಳು.

ಕಾಟನ್ ಬಟ್ಟೆಯ ಮೇಲೆ ಸೀದಾ ಹೊಲಿಗೆ ಹಾಕಲು ಕೊಟ್ಟರೆ ಅವನದ್ದು ರಿಕ್ಷಾ ಓಡಿದ ಹಾಗೆ ಅತ್ತ ಇತ್ತ ಹೋಗುತ್ತಿತ್ತು. ಜೀನ್ಸ್ ಬಟ್ಟೆಗೆ ಸಪೂರ ಸೂಜಿ ಹಾಕಿ ಮುರಿದ. "ಅದಕ್ಕೆ ಹದಿನಾರು ನಂಬರಿನ ಸೂಜಿ ಬೇಕು ಮಾರಾಯ್ರೇ, ಹೊಲಿಗೆಯೂ ಸ್ವಲ್ಪ ಉದ್ದ ಇಡ್ಬೇಕು," ಎಂದು ಅವಳು ನಕ್ಕಳು. ಮಾರನೇ ವಾರವೂ ಅದೇ ತಪ್ಪು. ಬೇರೆ ದಾರಿಯಿಲ್ಲದೆ ಅವನ ಮಣಿಕಟ್ಟು ಹಿಡಿದು ಬಟ್ಟೆ ನಡೆಸಿದಳು. ಕೆಳಗೆ ಮಷಿನ್ ಟಕಟಕ ಅನ್ನುತ್ತಿತ್ತು. ಎದೆಯೂ ಅದರ ಜೊತೆ ಸೇರಿಕೊಂಡಿತು.

ಹೊಸೈರಿ ಬಟ್ಟೆಯ ಪಾಠದ ದಿನ ಅವಳು ಬನಿಯನಿನ ಕುತ್ತಿಗೆ ಎಳೆದು ತೋರಿಸಿದಳು. "ಇದಕ್ಕೆ ಸೀದಾ ಹೊಲಿಗೆ ಹಾಕಿದ್ರೆ ತಲೆ ತೂರಿಸುವಾಗ ಪಟ್ ಅಂತ ದಾರ ಕಡೀತದೆ. ಬಟ್ಟೆ ಹಿಗ್ಗುವಾಗ ಹೊಲಿಗೆಯೂ ಹಿಗ್ಗಬೇಕು. ಅದಕ್ಕೇ ಝಿಗ್‌ಝ್ಯಾಗ್."

"ಮನುಷ್ಯರಿಗೂ ಹಾಗೇ ಅಲ್ವಾ ಮೇಡಂ?"

"ಮನುಷ್ಯರನ್ನು ನಾನು ಹೊಲಿಯುವುದಿಲ್ಲ. ನೀವು ಕೆಳಗೆ ನೋಡಿ."

ಅವನು ಕೆಳಗೆ ನೋಡಲಿಲ್ಲ. ಅವಳೂ ಎರಡನೇ ಸಲ ಹೇಳಲಿಲ್ಲ.

ಶಿಫಾನ್ ಕಲಿಸುವ ದಿನ ಇಡೀ ಕ್ಲಾಸು ನಗುತ್ತಿತ್ತು. "ಶಿಫಾನ್ ಅಂದ್ರೆ ಮುನಿಸಿಕೊಂಡ ಅತ್ತಿಗೆ. ಗಟ್ಟಿ ಹಿಡಿದರೂ ಜಾರ್ತಾಳೆ, ಬಿಟ್ಟರೂ ಜಾರ್ತಾಳೆ. ಕೆಳಗೊಂದು ಪೇಪರ್ ಹಾಸಿ, ಒಂಬತ್ತು ನಂಬರಿನ ಸೂಜಿ ಹಾಕಿ, ಸಣ್ಣ ಹೊಲಿಗೆಯಲ್ಲಿ ನಿಧಾನ ಕರ್ಕೊಂಡು ಬನ್ನಿ. ಪೇಪರ್ ಆಮೇಲೆ ಹರಿದು ತೆಗೀಲಿಕ್ಕೆ ಆಗ್ತದೆ." ಅವನೂ ನಗುತ್ತಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ತನ್ನ ಮಾತನ್ನು ಇಷ್ಟು ಜೋಪಾನ ಮಾಡಿದವರು ಯಾರೂ ಇಲ್ಲ ಅಂತ ಅವಳಿಗೆ ಸಂತೋಷವಾಗುತ್ತಿತ್ತು.

ಕ್ಲಾಸ್ ಮುಗಿದ ಮೇಲೆ ಚಹಾ ಶುರುವಾಯಿತು. ಚಹಾದಿಂದ ಸ್ಟೇಷನ್ ತನಕ ನಡಿಗೆ. 'ಮೇಡಂ' ಹೋಗಿ 'ನಳಿನಾ ಅವ್ರೇ' ಬಂತು. ಫೆಬ್ರವರಿಯಲ್ಲಿ ಅವಳು ಕಲ್ಯಾಣದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ಅಣ್ಣ ದಯಾನಂದನಿಗೆ ಹೇಳಿದಳು. ಮೂವತ್ತಮೂರು ವರ್ಷದಲ್ಲಿ ಒಬ್ಬ ಗಂಡಸಿನ ಹೆಸರನ್ನು ಅಣ್ಣನ ಎದುರು ಎತ್ತಿದ್ದು ಅದೇ ಮೊದಲು.

ಅಣ್ಣ, "ಒಂದು ದಿನ ಊಟಕ್ಕೆ ಕರ್ಕೊಂಡು ಬಾ," ಎಂದ.

ಮರುದಿನವೇ ಅವಳ ವಿದ್ಯಾರ್ಥಿನಿ ವಿಮಲಾ ಒಂದು ಪಾಂಪ್ಲೆಟ್ ತಂದಳು. ಠಾಣೆ ನಗರದ ನೌಪಾಡಾದ ಹಾಲ್‌ನಲ್ಲಿ ಹೊಸ ಝಿಗ್‌ಝ್ಯಾಗ್ ಮಷಿನ್‌ಗಳ ಡೆಮೊ, ಪ್ರವೇಶ ಉಚಿತ. ಕ್ಲಾಸಿಗೊಂದು ಹೊಸ ಮಷಿನ್ ಬೇಕಿತ್ತು. ಇಬ್ಬರೂ ಲೋಕಲ್ ರೈಲು ಹತ್ತಿದರು.

ಹಾಲ್ ತುಂಬಿತ್ತು. ಅವರು ಒಳಗೆ ಹೋಗುವಾಗ ವೇದಿಕೆಯ ಮೇಲೆ ಒಬ್ಬ ಮಷಿನ್ ಎದುರು ಕೂತು, ಕಾಲರಿಗೆ ಮೈಕ್ ಸಿಕ್ಕಿಸಿಕೊಂಡು, ಶಿಫಾನಿನ ಅಂಚು ಮಡಚಿ ಹೊಲಿಯುತ್ತಿದ್ದ. ನೋಡದೆಯೇ ಹೊಲಿಯುತ್ತಿದ್ದ. ಬಟ್ಟೆ ನೀರಿನ ಹಾಗೆ ಅವನ ಬೆರಳಿನ ಕೆಳಗಿಂದ ಹರಿದು ಬರುತ್ತಿತ್ತು.

"ಅರೇ, ನಮ್ಮ ಶ್ರೀಕಂಠ!" ಎಂದಳು ವಿಮಲಾ.

"ಶಿಫಾನ್ ಹೈ ನಾರಾಜ್ ಭಾಭಿ," ಎನ್ನುತ್ತಿದ್ದ ಅವನು, ಅವಳದ್ದೇ ಮಾತು ಹಿಂದಿಯಲ್ಲಿ. ಗಟ್ಟಿ ಹಿಡಿದರೂ ಜಾರುತ್ತಾಳೆ, ಬಿಟ್ಟರೂ ಜಾರುತ್ತಾಳೆ. ಜನ ಗೊಳ್ಳೆಂದು ನಕ್ಕರು. ಅವನು ನಗು ಮುಗಿಯುವವರೆಗೆ ಕಾದು ಕೆಳಗೆ ಹಾಸಿದ್ದ ಪೇಪರನ್ನು ಸರ್ರನೆ ಹರಿದು ತೆಗೆದ. ಚಪ್ಪಾಳೆ. ಡೊಂಬಿವ್ಲಿಯಲ್ಲಿ ಏಪ್ರಿಲ್‌ನಿಂದ ಮಷಿನ್ ಕಂಪನಿಯ ಸ್ವಂತ ಕ್ಲಾಸ್ ಶುರುವಾಗುತ್ತದೆ, ಇವರೇ ಹೆಡ್ ಟ್ರೇನರ್ ಅಂತ ಸೂಟು ಹಾಕಿದವನೊಬ್ಬ ಎದ್ದು ಹೇಳಿದ.

ನಳಿನಾಕ್ಷಿಯ ಕಿವಿ ಬಿಸಿಯಾಯಿತು. ಮುರಿದ ಸೂಜಿ, ಸೊಟ್ಟ ಹೊಲಿಗೆ, ಅವಳು ಹಿಡಿದ ಮಣಿಕಟ್ಟು. ಆಗೆಲ್ಲ ಅವನು ಒಳಗೊಳಗೇ ಏನಂದುಕೊಂಡಿರಬಹುದು?

"ಕಿಸೀಕೋ ಕುಛ್ ಪೂಛ್‌ನಾ ಹೈ?" ಎಂದ ಶ್ರೀಕಂಠ ವೇದಿಕೆಯಿಂದ, ಯಾರಿಗಾದರೂ ಏನಾದರೂ ಕೇಳಲಿಕ್ಕಿದೆಯಾ ಅಂತ.

ಅವಳು ಎದ್ದು ನಿಂತಳು. ಕನ್ನಡದಲ್ಲೇ ಕೇಳಿದಳು. "ಇದನ್ನೆಲ್ಲ ನಿಮಗೆ ಯಾರು ಕಲಿಸಿದ್ದು?"

ಅವನ ಕಾಲು ಪೆಡಲಿನ ಮೇಲಿಂದ ಎದ್ದಿತು. ಅವನು ಮುಂದಿನ ಸಾಲಿನ ಸೂಟಿನವನನ್ನೊಮ್ಮೆ ನೋಡಿದ. ಆಮೇಲೆ, ಯಾರೋ ಗುರುತಿಲ್ಲದ ಗಿರಾಕಿಗೆ ಹೇಳುವ ಹಾಗೆ, "ಕಂಪನಿ ಕೀ ಟ್ರೇನಿಂಗ್ ಹೈ, ಮ್ಯಾಡಂ," ಎಂದ.

ವಾಪಸ್ ಬರುವಾಗ ವಿಮಲಾ ಕಿಟಕಿ ಸೀಟು ಬಿಟ್ಟುಕೊಟ್ಟಳು. ಕಳವಾ ಸ್ಟೇಷನ್ ದಾಟುವವರೆಗೆ ನಳಿನಾಕ್ಷಿ ಅತ್ತಳು. ಆಮೇಲೆ ಅಳಲಿಲ್ಲ.

ಮುಂದಿನ ಶನಿವಾರ ಹೆಂಗಸರೆಲ್ಲ ಹೋದ ಮೇಲೆ ಅವನು ಬಂದ. ಬಾಗಿಲಲ್ಲೇ ನಿಂತ.

"ಮೊದಲ ಮೂರು ವಾರ ಕಂಪನಿ ಕಳಿಸಿದ್ದಕ್ಕೇ ಬಂದೆ. ಈ ಏರಿಯಾದಲ್ಲಿ ಹೇಗೆ ಕಲಿಸ್ತಾರೆ ನೋಡ್ಕೊಂಡು ಬಾ ಅಂದ್ರು. ನಾಲ್ಕನೇ ವಾರದಿಂದ ಯಾರೂ ಕಳಿಸಲಿಲ್ಲ, ನಾನೇ ಬಂದೆ. ನಿಮಗೋಸ್ಕರ."

"ಮತ್ತೆ ಹೇಳಲಿಲ್ಲ ಯಾಕೆ?"

"ಹೊಲಿಯೋಕೆ ಬರುತ್ತೆ ಅಂದ್ರೆ ನೀವು ಕೈ ಹಿಡೀತಿರಲಿಲ್ಲ."

ಅವಳಿಗೆ ನಗು ಬಂತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಒಂದು ಜಾರ್ಜೆಟ್ ತುಂಡು ತೆಗೆದು ಮಷಿನ್ ಮೇಲಿಟ್ಟಳು. "ಕೂತ್ಕೊಳ್ಳಿ. ನಿಜವಾಗಿ ಹೊಲಿಯಿರಿ. ನೀವು ಯಾರು ಅಂತ ನಾನು ಹತ್ತಿರದಿಂದ ನೋಡಿದ್ದೇ ಇಲ್ಲ."

ಅವನು ಕೂತ. ಸೂಜಿ ಬದಲಾಯಿಸಿದ. ದಾರದ ಎರಡು ತುದಿಗಳನ್ನು ಹಿಂದಕ್ಕೆ ಹಿಡಿದು, ಮೊದಲ ನಾಲ್ಕು ಹೊಲಿಗೆಯನ್ನು ಚಕ್ರ ತಿರುಗಿಸಿ ಕೈಯಿಂದಲೇ ಹಾಕಿದ. ಆಮೇಲೆ ಪೆಡಲ್ ತುಳಿದ. ಅಂಚು ಕೂದಲೆಳೆಯಷ್ಟು ಸಪೂರವಾಗಿ ಮಡಚಿಕೊಳ್ಳುತ್ತಾ ಹೋಯಿತು. ಅವಳಿಗಿಂತ ಚೆನ್ನಾಗಿ ಹೊಲಿಯುತ್ತಿದ್ದ. ಅವಳು ನೋಡುತ್ತಾ ನಿಂತಳು. ಇಷ್ಟು ದಿನ ಪ್ರೀತಿಸಿದ ಪೆದ್ದನಿಗಿಂತ ಈ ಮನುಷ್ಯನೇ ಹೆಚ್ಚು ಇಷ್ಟವಾಗಿಬಿಟ್ಟ. ಅದು ಎಲ್ಲಕ್ಕಿಂತ ನೋವಾಯಿತು.

"ಕೆಲಸ ಬಿಟ್ಟುಬಿಡ್ತೀನಿ," ಎಂದ ತಲೆ ಎತ್ತದೆ.

"ಬಿಡಬೇಡಿ. ಚೆಂದ ಕಲಿಸ್ತೀರಿ. ನನ್ನ ಆರು ಹುಡುಗಿಯರು ಈಗಲೇ ನಿಮ್ಮಲ್ಲಿ ಹೆಸರು ಬರೆಸಿದ್ದಾರೆ, ಅವರಿಗೆ ಸರಿಯಾಗಿ ಹೇಳಿಕೊಡಿ."

"ನಳಿನಾ ಅವ್ರೇ, ಸುಳ್ಳು ಹೇಳಿದ್ದು ತಪ್ಪೇ..."

"ಸುಳ್ಳು ಅಲ್ಲ ಶ್ರೀಕಂಠ. ಸೂಜಿ ಮುರಿದದ್ದನ್ನೆಲ್ಲ ನಾನು ನಗಾಡಿ ಬಿಡ್ತಿದ್ದೆ. ಅವತ್ತು ಅಷ್ಟು ಜನರ ಎದುರು ಕೇಳಿದೆನಲ್ಲ, ಯಾರು ಕಲಿಸಿದ್ದು ಅಂತ. 'ಇವರು' ಅಂತ ಬೆರಳು ತೋರಿಸಿದ್ರೆ ಸಾಕಿತ್ತು."

ಅವನು ಎದ್ದ. ಬಾಗಿಲವರೆಗೆ ಹೋಗಿ ತಿರುಗಿದ. ಏನೋ ಕೇಳಲು ಅವನ ತುಟಿ ತೆರೆದದ್ದನ್ನು ಕಂಡು ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಆ ಮಾತು ಕೇಳಬೇಡಿ," ಎಂದಳು. "ಕೇಳಿದ್ರೆ ನಾನು ಹೂಂ ಅಂದುಬಿಡ್ತೇನೆ. ಮತ್ತೆ ಜೀವಮಾನವಿಡೀ ನಿಮ್ಮ ಮುಖ ನೋಡಿ, ಇದು ನಿಜವಾ ನಾಟಕವಾ ಅಂತ ಲೆಕ್ಕ ಹಾಕ್ತಾ ಇರ್ಬೇಕು. ನನ್ನಿಂದ ಆಗ್ಲಿಕ್ಕಿಲ್ಲ."

ಅವನು ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದ.

ಅವನು ಸೊಸೈಟಿಯ ಗೇಟು ದಾಟುವವರೆಗೂ, ಈಗ ತಿರುಗಿ ಬಂದು ಕೇಳಿಬಿಡಲಿ ಅಂತ ನಳಿನಾಕ್ಷಿ ಸೀರೆಯ ಸೆರಗು ಹಿಡಿದು ಕಾಯುತ್ತಿದ್ದಳು.