ಉಗುರು ಕೆಂಪಾಗುವ ತನಕ

ಫಕೀರಪ್ಪನ ಬಲಗೈ ತೋರುಬೆರಳಿನ ಉಗುರು ಮೂರನೆಯ ರೊಟ್ಟಿಗೆ ಹಸಿರು ಬಿಟ್ಟು ಹಳದಿಗೆ ತಿರುಗಿತು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಕೆಂಪಾಯಿತು. ವಿಜ್ಞಾನದ ಪ್ರಕಾರ ಅವನು ಆಗಲೇ ಕೈ ತೊಳೆಯಲು ಏಳಬೇಕಿತ್ತು. ಆದರೆ ಖಾನಾವಳಿಯ ಒಡತಿ ಈರವ್ವ ಬಗ್ಗಿ ಅವನ ಉಗುರನ್ನು ಬೆಳಕಿಗೆ ಹಿಡಿದು ನೋಡಿ, ಬಣ್ಣ ಇನ್ನೂ ತೆಳುವಾಗಿದೆಯೆಂದು ತೀರ್ಪು ಕೊಟ್ಟು, ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಫಕೀರಪ್ಪ ಅದನ್ನೂ ತಿಂದ.

ಆ ಉಗುರಿನ ಕೆಳಗೆ ಇದ್ದದ್ದು ತೃಪ್ತಿಸೂಚಕ. ಎಳ್ಳುಕಾಳಿನಷ್ಟು ಸಣ್ಣ ಯಂತ್ರ. ಅದರ ಕೆಲಸ ಹೇಳುವುದು ಕಷ್ಟವಲ್ಲ. ಹೊಟ್ಟೆ ಖಾಲಿಯಾದಾಗ ಜಠರವು ಗ್ರೆಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ನಮಗೆ ಹಸಿವಾಗುತ್ತದೆ. ಊಟ ಇಳಿದಂತೆ ಅದು ತಗ್ಗಿ, ಕರುಳು ಬೇರೆ ಹಾರ್ಮೋನುಗಳ ಕೈಯಲ್ಲಿ ಮಿದುಳಿಗೆ ‘ಸಾಕು’ ಎಂದು ಹೇಳಿಕಳಿಸುತ್ತದೆ. ತೊಂದರೆಯೆಂದರೆ ಈ ಸುದ್ದಿ ಮಿದುಳಿಗೆ ಮನದಟ್ಟಾಗಲು ಸುಮಾರು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಎರಡು ರೊಟ್ಟಿ, ಒಂದು ಸೌಟು ಅನ್ನ ಹೆಚ್ಚಿಗೆ ಒಳಗೆ ಹೋಗಿರುತ್ತವೆ. ತೃಪ್ತಿಸೂಚಕವು ಆ ಹಾರ್ಮೋನುಗಳನ್ನು ರಕ್ತದಲ್ಲೇ ಓದಿ, ಮಿದುಳಿಗಿಂತ ಮುಂಚೆ ಉಗುರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಹಸಿರು ಅಂದರೆ ಹಸಿವು, ಹಳದಿ ಅಂದರೆ ನಿಧಾನಿಸು, ಕೆಂಪು ಅಂದರೆ ನಿಲ್ಲಿಸು.

ಇದನ್ನು ಕಂಡುಹಿಡಿದವಳು ಗದಗಿನ ಚಯಾಪಚಯ ಸಂಶೋಧನಾಲಯದ ಡಾಕ್ಟರ್ ವೈಜಯಂತಿ ಹುದ್ದಾರ. ಮಧುಮೇಹ ಮತ್ತು ಬೊಜ್ಜಿನಿಂದ ನರಳುವ ಮುನ್ನೂರು ಜನರ ಉಗುರಿನೊಳಗೆ ಅವಳು ಇದನ್ನು ಕೂರಿಸಿದ್ದಳು. ಮೂರು ತಿಂಗಳ ಪ್ರಯೋಗ. ಮುಗಿಯುವವರೆಗೆ ಯಂತ್ರದೊಳಗಿನ ಅಂಕಿಗಳನ್ನು ಸಂಶೋಧಕರು ತೆರೆದು ನೋಡುವಂತಿಲ್ಲ. ನೋಡಿದರೆ ಮನಸ್ಸು ಬೇಕಾದ ಕಡೆ ವಾಲುತ್ತದೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ತೂಕ, ರಕ್ತದ ಸಕ್ಕರೆ, ಮತ್ತು ಪ್ರತಿಯೊಬ್ಬರೂ ದಿನಾ ಬರೆದಿಡುವ ಊಟದ ವಹಿ, ಇಷ್ಟೇ ಆಧಾರ.

ಮೊದಲ ತಿಂಗಳಿಗೆ ಮುನ್ನೂರು ಜನರ ಸರಾಸರಿ ತೂಕ ಒಂದೂವರೆ ಕಿಲೋ ಏರಿತು. ವೈಜಯಂತಿ ತೂಕದ ಯಂತ್ರವನ್ನು ಬದಲಿಸಿ ನೋಡಿದಳು. ಎರಡನೆಯ ತಿಂಗಳಿಗೆ ಮತ್ತೆ ಒಂದು ಕಿಲೋ ಏರಿತು.

ಕಾರಣ ಹುಡುಕುತ್ತ ಅವಳು ಪ್ರಯೋಗಶಾಲೆಯ ಎದುರಿನ ಈರವ್ವನ ಖಾನಾವಳಿಗೆ ಬಂದಳು. ಪ್ರಯೋಗಕ್ಕೆ ಸೇರಿದ ಗಂಡಸರಲ್ಲಿ ಹದಿನಾಲ್ಕು ಮಂದಿ ಅಲ್ಲೇ ಉಣ್ಣುತ್ತಿದ್ದರು. ಕಪ್ಪತಗುಡ್ಡದ ಗಾಳಿಯಂತ್ರಗಳ ದುರಸ್ತಿ ಮಾಡುವ ಫಕೀರಪ್ಪ ಅವರಲ್ಲಿ ತೂಕದಲ್ಲೂ ಮಾತಿನಲ್ಲೂ ಮೊದಲಿಗ. ಅವನು ಬಹಳ ಹೆಮ್ಮೆಯಿಂದ ವಿವರಿಸಿದ. ಹಿಂದೆ ಉಣ್ಣುವವನು ‘ಸಾಕು’ ಎಂದರೆ ಅದು ನಿಜವೋ ಸಂಕೋಚವೋ ನೀಡುವವರಿಗೆ ಗೊತ್ತಾಗುತ್ತಿರಲಿಲ್ಲವಂತೆ. ಈಗ ಯಂತ್ರವೇ ಸಾಕ್ಷಿ. ಅತಿಥಿ ಉಗುರು ಕೆಂಪಾಗದೆ ಎದ್ದು ಹೋದರೆ ಮನೆತನಕ್ಕೆ ಅವಮಾನವೆಂದು ಊರೆಲ್ಲ ಮಾತಾಗಿತ್ತು. ಹೋದ ವಾರದ ಒಂದು ಮದುವೆಯಲ್ಲಿ ಬೀಗರ ಕಡೆಯ ಇಬ್ಬರು ಹಳದಿಯಲ್ಲೇ ಎದ್ದರೆಂದು ಹೆಣ್ಣಿನ ತಂದೆ ಕಣ್ಣೀರು ಹಾಕಿದ್ದನ್ನು ತಾನೇ ನೋಡಿದ್ದಾಗಿಯೂ ಹೇಳಿದ. ವೈಜಯಂತಿ ಹಣೆ ಹಿಡಿದುಕೊಂಡಳು. ಹದಿನಾರು ವರ್ಷ ದುಡಿದು ಅವಳು ಊರಿಗೆ ಕೊಟ್ಟದ್ದು ಉಪಚಾರದ ಹೊಸ ಅಳತೆಗೋಲು.

ಅವಳು ಅಲ್ಲಿಗೆ ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಈರವ್ವ ಕೂಡ ಆ ಮುನ್ನೂರರಲ್ಲಿ ಒಬ್ಬಳು. ಹನ್ನೊಂದು ವರ್ಷದ ಮಧುಮೇಹ. ಎಡಗಾಲಿನ ಹೆಬ್ಬೆರಳಿನಲ್ಲಿ ಬೇಸಿಗೆಯಿಂದ ಒಂದು ಗಾಯ ಮಾಯದೆ ಉಳಿದಿತ್ತು. ದೀಪಾವಳಿಯೊಳಗೆ ಸಕ್ಕರೆ ಇಳಿದು ಗಾಯ ಒಣಗದಿದ್ದರೆ ಬೆರಳು ತೆಗೆಯಬೇಕೆಂದು ಶಸ್ತ್ರವೈದ್ಯರು ಹೇಳಿಬಿಟ್ಟಿದ್ದರು. ದಿನವಿಡೀ ನಿಂತೇ ದುಡಿಯುವ ಹೆಂಗಸಿಗೆ ಅದು ಬರೀ ಒಂದು ಬೆರಳಿನ ಮಾತಾಗಿರಲಿಲ್ಲ. ಅವಳ ವಹಿಯಾದರೋ ಆದರ್ಶಪ್ರಾಯ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಎರಡು ರೊಟ್ಟಿ, ಮಡಕಿಕಾಳಿನ ಪಲ್ಯ, ಒಂದು ಬಟ್ಟಲು ಮಜ್ಜಿಗೆ. ಆದರೂ ಸಕ್ಕರೆ ಇಳಿಯಲಿಲ್ಲ. ವೈಜಯಂತಿ ವಹಿಯನ್ನು ನಂಬಿ ಗುಳಿಗೆಯ ಪ್ರಮಾಣವನ್ನು ಎರಡು ಸಲ ಏರಿಸಿದ್ದಳು.

ಈರವ್ವನ ಕೈಗೆ ಸದಾ ಜೋಳದ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಅವಳ ಉಗುರಿನ ಬಣ್ಣ ಯಾವುದೆಂದು ಯಾರೂ ನೋಡಿರಲಿಲ್ಲ, ನೋಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಅಂದು ಮಾತ್ರ ಡಾಕ್ಟರೇ ಊಟಕ್ಕೆ ಕೂತಿದ್ದಾರೆಂದು ಅವಳು ಮರ್ಯಾದೆಗೆ ಹಿತ್ತಲಿಗೆ ಹೋಗಿ ಕೈಯನ್ನು ಚೆನ್ನಾಗಿ ತಿಕ್ಕಿ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. ಬಿಸಿ ರೊಟ್ಟಿ ಹಿಡಿದ ಆ ಕೈ ವೈಜಯಂತಿಯ ತಾಟಿನ ಮೇಲೆ ಬಂತು. ಗೋಡೆಯ ಗಡಿಯಾರದಲ್ಲಿ ಎರಡೂವರೆಯಾಗಿತ್ತು. ಉಗುರು ಎಳೆ ಮೆಂತ್ಯದ ಸೊಪ್ಪಿನಷ್ಟು ಹಸಿರಾಗಿತ್ತು.

ವೈಜಯಂತಿ ಆ ಕೈಯನ್ನು ಹಾಗೇ ಹಿಡಿದುಕೊಂಡಳು.

“ಊಟ ಆಗೇದೇನವಾ ನಿಂದು?”

“ಆಗೇತ್ರಿ ಡಾಕ್ಟರ್ ಬಾಯಾರ. ಒಂದಕ್ಕನ ಉಂಡೀನಿ. ವಹಿಯೊಳಗ ಬರದೀನಲ್ರಿ.”

“ವಹಿ ಹಂಗ ಅಂತದ. ಉಗುರು ಬ್ಯಾರೇನ ಅಂತದ.”

ಈರವ್ವ ಕೈ ಬಿಡಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಹದಿನಾಲ್ಕು ಗಂಡಸರು ತಾಟಿನಿಂದ ತಲೆ ಎತ್ತಿದ್ದರು. ಅವಳು ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ ಹೇಳಿದಳು.

“ಮಂದಿ ಊಟ ಮುಗೀಲಾರದ ಮನಿಯಾಕಿ ಹೆಂಗ ಉಣ್ಣಾಕ ಬರತೈತ್ರಿ? ನೀವು ಒಂದಕ್ಕ ಉಣ್ಣು ಅಂದಿದ್ರಿ. ಉಂಡಿಲ್ಲ ಅಂತ ಬರದ್ರ ನಿಮಗ ಬ್ಯಾಸರ ಆಗತೈತಿ ಅಂತ, ಉಂಡೀನಿ ಅಂತ ಬರದೆ.”

ಉಳಿದದ್ದನ್ನು ವೈಜಯಂತಿ ಒಂದೊಂದೇ ಕೇಳಿ ತಿಳಿದುಕೊಂಡಳು. ಬೆಳಿಗ್ಗೆ ಏಳಕ್ಕೆ ಗುಳಿಗೆ ನುಂಗಿ ಈರವ್ವ ಒಲೆಯ ಮುಂದೆ ಕೂರುತ್ತಿದ್ದಳು. ಗುಳಿಗೆ ತನ್ನ ಪಾಡಿಗೆ ಸಕ್ಕರೆ ಇಳಿಸುತ್ತಿತ್ತು. ಹೊಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ. ಕಣ್ಣು ಕತ್ತಲೆ ಬಂದಾಗ ಒಂದು ಹೆಂಟೆ ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾಲ್ಕು ಗಂಟೆಗೆ ಎಲ್ಲರೂ ಹೋದಮೇಲೆ, ಉಳಿದದ್ದನ್ನೆಲ್ಲ ಕೆಡಬಾರದೆಂದು ನಿಂತೇ ತಿಂದು ಮುಗಿಸುತ್ತಿದ್ದಳು. ಸಕ್ಕರೆ ಪಾತಾಳದಿಂದ ಮಾಳಿಗೆಗೆ ಹಾರುತ್ತಿತ್ತು. ಡಾಕ್ಟರು ಮಾಳಿಗೆಯನ್ನಷ್ಟೇ ನೋಡಿ ಗುಳಿಗೆ ಏರಿಸಿದ್ದರು. ಆ ಗಾಯ ಮಾಯದಂತೆ ತಾನೂ ಒಂದು ಕೈ ಹಚ್ಚಿದ್ದೇನೆಂದು ಹೊಳೆದಾಗ ವೈಜಯಂತಿಗೆ ನಾಚಿಕೆಯಾಯಿತು. ಬಾಯಿಗೆ ಹೊರಟಿದ್ದ ತುತ್ತು ತಾಟಿಗೆ ಮರಳಿತು.

ಅವಳು ಈರವ್ವನಿಗೆ ಈಗಲೇ ಊಟಕ್ಕೆ ಕೂರಲು ಹೇಳಿದಳು. ಇನ್ಸುಲಿನ್ ವಿಷಯ ಹೇಳಿದಳು, ಕಾಲಿನ ನರಗಳ ವಿಷಯ ಹೇಳಿದಳು. ಈರವ್ವ ಎಲ್ಲಕ್ಕೂ ಹೂಂಗುಟ್ಟಿ, ಇವರದೊಂದು ಪಂಕ್ತಿ ಏಳಲಿ, ಆಮೇಲೆ ಕೂರುತ್ತೇನೆಂದು ರೊಟ್ಟಿಯ ಬುಟ್ಟಿ ಎತ್ತಿಕೊಂಡಳು. ವಿಜ್ಞಾನದ ಕೆಲಸ ಅಲ್ಲಿಗೆ ಮುಗಿದಿತ್ತು.

ಆಗ ಫಕೀರಪ್ಪ ಅನ್ನ ಕಲಸುತ್ತಿದ್ದ ಕೈಯನ್ನು ಮೇಲೆತ್ತಿದ. ಅವನ ಉಗುರು ಕೆಂಪಗೆ ಹೊಳೆಯುತ್ತಿತ್ತು. ಅದನ್ನು ಯಾರೂ ನೋಡದಂತೆ ಅವನು ಬೆರಳು ಮಡಚಿಕೊಂಡ. ಆ ಮನುಷ್ಯ ಯಾವುದಕ್ಕಾದರೂ ಸಂಕೋಚಪಟ್ಟದ್ದನ್ನು ಅಲ್ಲಿದ್ದವರು ನೋಡಿದ್ದು ಅದೇ ಮೊದಲು.

“ಹಸದಾಕಿ ಕೈಲೆ ನೀಡಿಸ್ಕೊಂಡು ಇಷ್ಟ ದಿನಾ ಉಂಡೀವೇನ್ ನಾವು? ಅಕ್ಕಾರ, ನೀವು ಕುಂದರ್ರಿ. ನಿಮ್ಮ ತುತ್ತು ಬಾಯಿಗೆ ಹೋದಿಂದ ನಮ್ಮ ಕೈ ತಾಟಿಗೆ ಬರತಾವು.”

ಒಬ್ಬರ ಹಿಂದೊಬ್ಬರಂತೆ ಹದಿನಾಲ್ಕೂ ಕೈಗಳು ಮೇಲೆ ಹೋದವು. ತಾಟುಗಳಲ್ಲಿ ಅನ್ನ ಆರತೊಡಗಿತು. ತನ್ನ ಹಸಿವಾಗಲಿ ಬೆರಳಾಗಲಿ ಈರವ್ವನಿಗೆ ದೊಡ್ಡ ಮಾತಾಗಿರಲಿಲ್ಲ. ಆದರೆ ನೀಡಿದ ಅನ್ನ ಕಣ್ಣೆದುರೇ ತಣ್ಣಗಾಗುವುದನ್ನು ಅವಳಿಂದ ನೋಡಲಾಗಲಿಲ್ಲ. ಅವರನ್ನು ಬೈದಳು, ಡಾಕ್ಟರನ್ನೂ ಸೇರಿಸಿ ಬೈದಳು, ಕೊನೆಗೆ ಗೋಡೆಗೆ ಒರಗಿ ಕೂತಳು.

ನೀಡಲು ಎದ್ದವನು ಫಕೀರಪ್ಪನೇ. ಪಲ್ಯ ಹಾಕಬೇಕಾದಲ್ಲಿ ಚಟ್ನಿ ಹಾಕಿದ, ಮಜ್ಜಿಗೆಯನ್ನು ತಾಟಿನ ಹೊರಗೂ ಸುರಿದ. ಎರಡು ರೊಟ್ಟಿಗೆ ಈರವ್ವ ಸಾಕೆಂದು ತಾಟಿಗೆ ಕೈ ಅಡ್ಡ ಹಿಡಿದಾಗ ಅವನು ಬಗ್ಗಿ ಆ ಉಗುರನ್ನು ಬೆಳಕಿಗೆ ಹಿಡಿದು ನೋಡಿದ. ಹಳದಿ. ಡಾಕ್ಟರ ಕಡೆ ತಿರುಗಿ ಇಷ್ಟಕ್ಕೆ ನಿಲ್ಲಿಸಬೇಕೋ ಎಂದು ಕೇಳಿದ. ಇಷ್ಟು ದಿನ ಹಳದಿಗೆ ನಿಧಾನಿಸಿ ಎಂದು ಊರಿಗೆಲ್ಲ ಸಾರಿದ್ದ ವೈಜಯಂತಿ, ಇನ್ನರ್ಧ ರೊಟ್ಟಿ ಹಾಕೆಂದು ಸನ್ನೆ ಮಾಡಿದಳು.

ಮರುದಿನದಿಂದ ಗುಳಿಗೆ ಅರ್ಧಕ್ಕೆ ಇಳಿಯಿತು. ಈರವ್ವ ಒಂದು ಗಂಟೆಗೆ ಉಣ್ಣದೆ ಯಾರ ತಾಟನ್ನೂ ಹಾಕುವಂತಿಲ್ಲ ಎಂಬುದು ಖಾನಾವಳಿಯ ಕಟ್ಟಳೆಯಾಯಿತು. ಹದಿನಾಲ್ಕು ಗಂಡಸರು ಮನೆಗೆ ಹೋಗಿ, ಮದುವೆಯಾದ ಎಷ್ಟೋ ವರ್ಷಗಳ ಮೇಲೆ, ನೀಡುವ ಕೈಯ ಕಡೆ ಕಣ್ಣು ಹಾಯಿಸಿದರು. ಪ್ರಯೋಗದಲ್ಲಿದ್ದ ಹೆಂಗಸರು ಈ ಗುಟ್ಟನ್ನು ಬಲು ಬೇಗ ಹಿಡಿದರು. ಸಾರು ಬಡಿಸುವಾಗ ಹಸಿರು ಉಗುರನ್ನು ಗಂಡನ ಮೂಗಿನ ಕೆಳಗೇ ಒಂದು ಕ್ಷಣ ತಡೆದು ಹಿಡಿಯುವ ಕಲೆ ಒಂದೇ ವಾರದಲ್ಲಿ ಬೀದಿಯಿಂದ ಬೀದಿಗೆ ಹಬ್ಬಿತು. ಯಂತ್ರ ಕೂರಿಸಿಕೊಳ್ಳದ ಕೆಲವರು ಉಗುರಿಗೆ ಹಸಿರು ಬಣ್ಣವನ್ನೇ ಹಚ್ಚಿಕೊಂಡರೆಂದೂ ಸುದ್ದಿಯಿತ್ತು. ಅದನ್ನು ವೈಜಯಂತಿ ವಿಚಾರಿಸಲು ಹೋಗಲಿಲ್ಲ.

ದೀಪಾವಳಿಗೆ ನಾಲ್ಕು ದಿನವಿರುವಾಗ ಶಸ್ತ್ರವೈದ್ಯರು ಈರವ್ವನ ಹೆಬ್ಬೆರಳನ್ನು ಒತ್ತಿ ನೋಡಿದರು. ಗಾಯದ ಜಾಗದಲ್ಲಿ ಹೊಸ ಚರ್ಮ ಬಂದಿತ್ತು. ಬೆರಳು ಉಳಿಯಿತೆಂದು ಅವರು ಹೇಳಿದಾಗ ಈರವ್ವ ಅವರಿಗೆ ಕೈಮುಗಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅತ್ತಳು.

ಆ ವಾರವೇ ಅಂಕಿಗಳನ್ನು ತೆರೆಯಲಾಯಿತು. ಗಂಡಸರ ತೂಕ ಏರಿದಲ್ಲೇ ಇತ್ತು. ತೃಪ್ತಿಸೂಚಕವು ತನ್ನ ಉದ್ದೇಶದಲ್ಲಿ ಸಂಪೂರ್ಣ ಸೋತಿದೆಯೆಂದು ವೈಜಯಂತಿ ವರದಿಯಲ್ಲಿ ಪ್ರಾಮಾಣಿಕವಾಗಿ ಬರೆದಳು. ನೂರಾ ನಲವತ್ತು ಹೆಂಗಸರ ಪೈಕಿ ನೂರಾ ಹತ್ತು ಮಂದಿಯ ರಕ್ತದ ಸಕ್ಕರೆ ಹತೋಟಿಗೆ ಬಂದಿತ್ತು. ಅದನ್ನು ಯಾವ ಶೀರ್ಷಿಕೆಯಡಿ ಸೇರಿಸಬೇಕೆಂದು ತಿಳಿಯದೆ ಹಾಳೆ ತಿರುವಿದಾಗ ಕೊನೆಯಲ್ಲಿ ‘ನಿರೀಕ್ಷಿಸದ ಅಡ್ಡಪರಿಣಾಮಗಳು’ ಎಂಬ ಅಂಕಣ ಖಾಲಿ ಇತ್ತು. ಅಲ್ಲಿ ಬರೆದಳು: ‘ಹೆಂಗಸರು ಹೊತ್ತಿಗೆ ಸರಿಯಾಗಿ, ಕೂತು ಊಟ ಮಾಡಿದರು.’

ಪರಿಣಾಮವು ಸೌಮ್ಯವೋ, ಮಧ್ಯಮವೋ, ತೀವ್ರವೋ ಎಂದು ನಮೂನೆ ಕೇಳಿತ್ತು. ಅವಳು ‘ತೀವ್ರ’ ಎಂಬಲ್ಲಿ ಗುರುತು ಹಾಕಿದಳು. ಅದನ್ನು ತಡೆಯಲು ಸಂಶೋಧಕರು ಕೈಗೊಂಡ ಕ್ರಮವೇನೆಂಬ ಪ್ರಶ್ನೆಗೆ ‘ಏನೂ ಇಲ್ಲ’ ಎಂದು ಬರೆದು ಸಹಿ ಮಾಡಿದಳು.