ಹೊತ್ತು ತಡವಾಗಿ ಮುಳುಗುವ ದೇಶ

ಸುಪಾರ್ಶ್ವ ವಿಲಾಯತಿಯಿಂದ ರಬಕವಿಗೆ ವಾಪಸು ಬಂದ ದಿನ ಬ್ರಾಹ್ಮಿ ಅವನ ಕಡೆ ನೋಡಲೇ ಇಲ್ಲ.

ಅಂದರೆ, ನೋಡಿದಳು. ನೋಡದೆ ಇರುತ್ತಾಳೆಯೇ! ಎದುರುಮನೆಯ ಕಿಟಕಿ ಸಂದಿಯಿಂದ ಪೂರಾ ನೋಡಿದಳು. ಗಾಡಿಯಿಂದ ಇಳಿದವನೇ ತನ್ನವ್ವನಿಗೆ ನಮಸ್ಕಾರ ಮಾಡುವ ಮೊದಲು ಅವನು ಇವರ ಬಾಗಿಲ ಕಡೆ ತಿರುಗಿದ್ದನ್ನೂ, ಅಲ್ಲಿ ಇವಳ ಅಪ್ಪ ಪದ್ಮರಾಜ ಒಬ್ಬನೇ ನಿಂತದ್ದು ಕಂಡು ಅವನ ಮುಖ ಸಣ್ಣದಾದದ್ದನ್ನೂ ನೋಡಿದಳು. ನೋಡಿ ಖುಷಿಪಟ್ಟಳು. ಮೂರು ವರ್ಷ ಕಾಯಿಸಿದವನು ಒಂದು ದಿನ ಕಾದರೆ ಏನು ಗಂಟು ಹೋಗುತ್ತದೆ?

ಮರುದಿನ ಮೊಸರಿನ ಬಟ್ಟಲು ಹಿಡಿದು ಅವರ ಮನೆಗೆ ಹೋದಳು. ಮೊಸರು ಕೇಳಿದವರು ಯಾರೂ ಇರಲಿಲ್ಲ, ಅದು ಬೇರೆ ಮಾತು.

"ಏನ ಬ್ರಾಹ್ಮಿ, ನನ್ನ ಗುರುತ ಸಿಗಲಿಲ್ಲೇನು?" ಎಂದ ಸುಪಾರ್ಶ್ವ.

"ಎಲ್ಲಿಂದ ಸಿಗಬೇಕ್ರಿ? ಹೋಗೂ ಮುಂದ ಮೈಮ್ಯಾಗ ಒಂದೀಟು ಮಾಂಸ ಇತ್ತು. ಈಗ ಬರೇ ಕೋಟ ಬಂದೈತಿ."

"ಅಲ್ಲಿ ಎಲ್ಲಾರೂ ಹಿಂಗ ಇರತಾರ. ಅದು ಫ್ಯಾಶನ್ನು."

"ಹೌದೇನ್ರಿ?"

"ರೀ ಅಂತ ಯಾವಾಗಿಂದ ಶುರು ಮಾಡಿದಿ? ಮೊದಲ ಲೇ ಅಂತಿದ್ದಿ."

"ಆವಾಗ ನೀವು ನಮ್ಮ ಹುಣಸೀಕಾಯಿ ಕದೀತಿದ್ರಿ. ಈಗ ಸಾಹೇಬರಾಗೀರಿ."

ಅವನು ನಕ್ಕ. ನಗುವಾಗ ಎಡಗಡೆಯ ಹುಬ್ಬು ಮೇಲೇರುವ ಹಳೆಯ ಚಟ ಹಾಗೆಯೇ ಇತ್ತು. ಬ್ರಾಹ್ಮಿಗೆ ಅಷ್ಟೇ ಸಾಕಾಯಿತು. ಬಟ್ಟಲನ್ನು ಅಲ್ಲೇ ಬಿಟ್ಟು ಬಂದಳು. ಮತ್ತೆ ಕೇಳಲು ಹೋಗಬೇಕಲ್ಲ!

ಸುಪಾರ್ಶ್ವನ ಅಪ್ಪ ಆದಪ್ಪನದು ನೂಲಿನ ವ್ಯಾಪಾರ. ನೇಕಾರರಿಗೆಲ್ಲ ಅವನದೇ ನೂಲು. ಬಣ್ಣ ನಿಲ್ಲುವುದಿಲ್ಲ ಎಂಬ ದೂರು ಕೇಳಿ ಕೇಳಿ ಸಾಕಾಗಿ, ಮಗನನ್ನು ಬಣ್ಣದ ವಿದ್ಯೆ ಕಲಿಯಲು ಲೀಡ್ಸ್ ಎಂಬ ಊರಿಗೆ ಕಳಿಸಿದ್ದ. ಆಗ ಬಸದಿಯ ಹಿರಿಯರು ಒಪ್ಪಲೇ ಇಲ್ಲ. ಜೈನರ ಹುಡುಗ ಸಮುದ್ರ ದಾಟಿ ಏನು ತಿಂದಾನು, ಎಷ್ಟೊತ್ತಿಗೆ ತಿಂದಾನು ಎಂದು ಪಟ್ಟು ಹಿಡಿದರು. ಕಡೆಗೆ ಸ್ವಾಮಿಗಳ ಮುಂದೆ ಸುಪಾರ್ಶ್ವ ನೇಮ ಹಿಡಿದ: ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಅನ್ನವಿಲ್ಲ, ಒಂದು ಗುಟುಕು ನೀರಿಲ್ಲ, ನೆಲದೊಳಗೆ ಬೆಳೆದದ್ದನ್ನು ಮುಟ್ಟುವುದಿಲ್ಲ. "ನನ್ನ ಮಗಾ ಮಾತಿಗೆ ತಪ್ಪಿದರ ನಾ ಬಸದಿ ಮೆಟ್ಟಲಾ ಹತ್ತೂದಿಲ್ಲ" ಎಂದು ಆದಪ್ಪ ಎಲ್ಲರೆದುರು ಹೇಳಿಬಿಟ್ಟ.

ಹೀಗಾಗಿ ಈಗ ಊರಿಗೆಲ್ಲ ಒಂದೇ ಕುತೂಹಲ. ಸಂಜೆಯ ಊಟ ಮುಗಿಸಿ ಮಂದಿ ಆದಪ್ಪನ ಮನೆಯ ಕಟ್ಟೆಯ ಮೇಲೆ ಸೇರುತ್ತಿದ್ದರು. ಸುಪಾರ್ಶ್ವ ವಿಲಾಯತಿಯ ಸುದ್ದಿ ಹೇಳುತ್ತಿದ್ದ. ಅಲ್ಲಿ ನೆಲದೊಳಗೆ ರೈಲು ಓಡುತ್ತದೆ. ಸಾಹೇಬ ತನ್ನ ಬೂಟನ್ನು ತಾನೇ ಒರೆಸಿಕೊಳ್ಳುತ್ತಾನೆ. ಹಾಲಿನ ಬಾಟಲಿಯನ್ನು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ, ಯಾರೂ ಮುಟ್ಟುವುದಿಲ್ಲ.

"ಯಾಕ, ಆ ಊರಾಗ ಬೆಕ್ಕಿಲ್ಲೇನೋ?" ಎಂದಳು ಮುದಕವ್ವಜ್ಜಿ.

ಕಟ್ಟೆಯೆಲ್ಲ ನಕ್ಕಿತು. ಬಾಗಿಲ ಹಿಂದೆ ನಿಂತ ಬ್ರಾಹ್ಮಿಯೂ ನಕ್ಕಳು. ಅವಳ ನಗು ಬಂದ ದಿಕ್ಕಿಗೆ ಸುಪಾರ್ಶ್ವ ತಲೆ ಎತ್ತಿದ. ಮುಂದೇನು ಹೇಳುತ್ತಿದ್ದನೋ ಮರೆತೇಬಿಟ್ಟ.

"ಅದೆಲ್ಲಾ ಇರಲಿ," ಎಂದ ಹಿರಿಯ ಕಾಶಪ್ಪ. "ನೇಮ ಹೆಂಗ ನಡಿಸಿದಿ? ಅಲ್ಲಿ ಹೊತ್ತು ಯಾವಾಗ ಮುಳಗತೈತಿ?"

ಸುಪಾರ್ಶ್ವನ ಅವ್ವ ಕಮಲಾಬಾಯಿ ಸೆರಗಿನ ತುದಿ ಹಿಡಿದುಕೊಂಡಳು.

"ಕಾಕಾ, ಅಲ್ಲಿ ರಾತ್ರಿ ಹತ್ತಾಗಾಕ ಬಂದಿರತೈತಿ, ಹೊತ್ತು ಇನ್ನ ಮ್ಯಾಲ ಇರತೈತಿ. ಸಾವಕಾಶ ಉಂಡು, ಅಡ್ಡಾಡಿ ಬಂದ್ರೂ ಬೆಳಕ."

"ಅಯ್ಯ! ಹಂಗಾರ ಅದು ನಮ್ಮ ಜೈನರಿಗಂತನ ಮಾಡಿದ ದೇಶ ಬಿಡಪಾ!"

ಆ ಮಾತು ಬಸದಿಯವರೆಗೂ ಹೋಯಿತು. ವಿಲಾಯತಿಯಲ್ಲಿ ಸೂರ್ಯ ಜೈನರ ಊಟ ಮುಗಿಯುವ ತನಕ ಕಾಯುತ್ತಾನಂತೆ! ಆದಪ್ಪ ಎದೆ ಎತ್ತಿ ಮೆಟ್ಟಿಲು ಹತ್ತಿದ. ಕಮಲಾಬಾಯಿ ಕಣ್ಣೊರೆಸಿಕೊಂಡಳು.

ಇಷ್ಟೆಲ್ಲ ಕೇಳಿದ ಪದ್ಮರಾಜ ಮನೆಗೆ ಬಂದು ಹೆಂಡತಿಗೆ ಹೇಳಿದ: "ಆ ಹುಡುಗ ಇಲ್ಲಿ ನಿಂದರೂದಿಲ್ಲ. ಅಂಥಾ ದೇಶ ಕಂಡಂವಾ ಈ ಧೂಳಿನಾಗ ಯಾಕ ಇರತಾನ?"

ಪದ್ಮರಾಜನಿಗೆ ಅವಸರವಿತ್ತು. ತೇರದಾಳದ ಹತ್ತಿ ವ್ಯಾಪಾರದ ಮನೆಯವರು ಬ್ರಾಹ್ಮಿಯನ್ನೂ ಅವಳ ತಂಗಿ ಇಂದ್ರವ್ವನನ್ನೂ ತಮ್ಮ ಇಬ್ಬರು ಗಂಡುಮಕ್ಕಳಿಗೆ ಕೇಳಿದ್ದರು. ತಂದರೆ ಇಬ್ಬರನ್ನೂ ತರುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದಿದ್ದರು. ಬ್ರಾಹ್ಮಿ ಏನೇನೋ ನೆಪ ಹೇಳಿ ಮುಂದೆ ದೂಡುತ್ತ ಬಂದಿದ್ದಳು. ಇನ್ನು ನೆಪ ಉಳಿದಿರಲಿಲ್ಲ.

ಅವಳೇ ಧೈರ್ಯ ಮಾಡಿದಳು. ಆದಪ್ಪನ ಹಿತ್ತಲಲ್ಲಿ ಸುಪಾರ್ಶ್ವ ನೂಲಿನ ಲಡಿಗಳನ್ನು ಬಣ್ಣದಿಂದ ತೆಗೆದು ಹಗ್ಗಕ್ಕೆ ಹಾಕುತ್ತಿದ್ದ. ಕೈಯೆಲ್ಲ ಕೆಂಪು. ಬಟ್ಟಲು ಕೇಳುವ ನೆಪದಲ್ಲಿ ಹೋಗಿ ನಿಂತಳು.

"ಮತ್ತ ಹೋಗತೀರೇನು?"

"ಅಲ್ಲಿ ಒಂದು ಕಾರ್ಖಾನೆಯವರು ಕೆಲಸಕ್ಕ ಕರದಾರ. ಹೋಗಲೋ ಬ್ಯಾಡೋ, ನೀನ ಹೇಳು."

ತಮಾಷೆಯ ದನಿಯಲ್ಲೇ ಹೇಳಿದ. ಆದರೆ ಕೈಯಲ್ಲಿದ್ದ ಲಡಿ ಹಗ್ಗದ ಮೇಲೆ ಹೋಗದೆ ಅಲ್ಲೇ ನಿಂತಿತ್ತು.

"ಅಲ್ಲಿ ಹೆಂಗೈತಿ?" ಎಂದಳು ಬ್ರಾಹ್ಮಿ. "ಕಟ್ಟಿಮ್ಯಾಲ ಹೇಳಿದ್ದಲ್ಲ. ನನಗಷ್ಟ ಹೇಳ್ರಿ."

ಸುಪಾರ್ಶ್ವ ಅವಳ ಮುಖ ನೋಡಿದ. ಆ ಕಣ್ಣುಗಳಲ್ಲಿ ತಾನು ಎಷ್ಟು ದೊಡ್ಡವನಾಗಿ ಕಾಣುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ಏನೋ ಹೇಳಲು ಬಾಯಿ ತೆರೆದವನು, ಬೇರೇನೋ ಹೇಳಿದ.

"ಸ್ವರ್ಗ ಐತಿ ಬ್ರಾಹ್ಮಿ. ಸ್ವರ್ಗ."

"ಒಬ್ಬರ ಇದ್ರೂ ಬ್ಯಾಸರ ಆಗಲಿಲ್ಲ?"

"ಬ್ಯಾಸರಕ್ಕ ಪುರಸತ್ತ ಎಲ್ಲಿ ಇರತಿತ್ತು!"

ಹುಚ್ಚು ಹುಡುಗ. ಅವಳಿಗೆ ಬೇಕಾಗಿದ್ದದ್ದು ಒಂದು ಸಣ್ಣ 'ಹೂಂ'. ಬೇಸರವಾಗುತ್ತಿತ್ತು ಎಂಬ ಒಂದು ಮಾತು. ಸ್ವರ್ಗದಲ್ಲಿ ಇದ್ದು ಬಂದವನಿಗೆ, ಅಲ್ಲಿ ಯಾರೂ ನೆನಪಾಗದವನಿಗೆ, ತಾನು ಯಾತಕ್ಕೆ ಬೇಕು?

"ಹಂಗಾರ ಹೋಗ್ರಿ," ಎಂದಳು. "ಅಂಥಾದ್ದು ಯಾರು ಬಿಡತಾರ?"

ಮನೆಗೆ ಬಂದು ಅಪ್ಪನಿಗೆ, "ನಿಮ್ಮ ಮನಸ್ಸಿಗೆ ಬಂದಾಂಗ ಮಾಡ್ರಿ" ಎಂದಳು. ಪದ್ಮರಾಜ ತಡಮಾಡಲಿಲ್ಲ. ಅದೇ ವಾರ ತೇರದಾಳದವರು ಬಂದು ಸಕ್ಕರೆ ತಿನ್ನಿಸಿ ಮಾತು ಗಟ್ಟಿ ಮಾಡಿಕೊಂಡು ಹೋದರು. ಬ್ರಾಹ್ಮಿಗೆ ದೊಡ್ಡ ಮಗ ಭರಮಣ್ಣ, ಇಂದ್ರವ್ವನಿಗೆ ಸಣ್ಣವನು.

ಸಕ್ಕರೆಯ ತಾಟು ಎದುರುಮನೆಗೂ ಹೋಯಿತು. ಇಂದ್ರವ್ವ ಕುಣಿಯುತ್ತ ಒಯ್ದಳು. "ಸುಪಾರ್ಶ್ವಣ್ಣ, ಅಕ್ಕಂದೂ ನಂದೂ ಒಂದ ಮನಿ!" ಸುಪಾರ್ಶ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು "ಛಲೋ ಆತವಾ" ಎಂದನಂತೆ. ಮರುದಿನವೇ ಕಾರ್ಖಾನೆಯವರಿಗೆ, ಬರುತ್ತೇನೆ ಎಂದು ತಂತಿ ಕಳಿಸಿದ.

ಕಥೆ ಇಲ್ಲಿಗೇ ಮುಗಿದಿದ್ದರೂ ಆಗುತ್ತಿತ್ತು. ಅವಳು ಅಷ್ಟೋ ಇಷ್ಟೋ ಸಿಟ್ಟಿನಲ್ಲಿ ಸಂಸಾರಕ್ಕೆ ಹೋಗುತ್ತಿದ್ದಳು. ಸಿಟ್ಟು ಇದ್ದರೆ ಹೋಗುವುದು ಸುಲಭ. ಆದರೆ ಮದುವೆಗೆ ಸ್ವಲ್ಪ ದಿನ ಇರುವಾಗ ಒಬ್ಬ ಮೇಮ್‌ಸಾಬ್ ಸೀರೆ ಕೊಳ್ಳಲು, ಸೀರೆ ವ್ಯಾಪಾರದ ಪದ್ಮರಾಜನ ಮನೆಗೆ ಬಂದಳು.

ಅವಳು ಮುಧೋಳದ ಕಡೆ ರಸ್ತೆಯ ಅಳತೆಗೆಂದು ಬಂದಿದ್ದ ಸಾಹೇಬನ ಹೆಂಡತಿ. ಭಾಷೆ ಬರಬೇಕಲ್ಲ? ಪದ್ಮರಾಜ ಸುಪಾರ್ಶ್ವನನ್ನು ಕರೆಸಿದ. ಪಡಸಾಲೆಯಲ್ಲಿ ಸೀರೆಗಳನ್ನು ಬಿಡಿಸಿ ಹಾಕಿದರು. ಬ್ರಾಹ್ಮಿ ದಡಿ, ಸೆರಗು ತೋರಿಸುತ್ತಿದ್ದಳು. ಮೇಮ್‌ಸಾಬ್ ಒಳ್ಳೆಯ ಹೆಂಗಸು. ಸೀರೆಯನ್ನು ಕೆನ್ನೆಗೆ ಒತ್ತಿಕೊಂಡು ನಗುತ್ತಿದ್ದಳು. ಸುಪಾರ್ಶ್ವ ಲೀಡ್ಸ್‌ನಲ್ಲಿದ್ದ ಎಂದು ಗೊತ್ತಾದ ಕೂಡಲೇ ಅವಳ ದನಿಯೇ ಬದಲಾಯಿತು. ಅವಳ ತವರೂ ಆ ಕಡೆಯೇ ಅಂತೆ.

"ಅವರ ನಾಡು ಹೆಂಗೈತಿ ಅಂತ ಕೇಳ್ರಿ," ಎಂದಳು ಬ್ರಾಹ್ಮಿ. ಸುಮ್ಮನೆ, ಮಾತಿಗೆ ಮಾತು.

ಅವನು ಕೇಳಿದ. ಮೇಮ್‌ಸಾಬ್ ಹೇಳತೊಡಗಿದಳು. ಎಷ್ಟು ಹೇಳಿದಳು! ಕಿಟಕಿಯಲ್ಲಿ ಬಿದ್ದ ಬಿಸಿಲಿಗೆ ಅಂಗೈ ಒಡ್ಡಿ, ಇದು ಅಲ್ಲಿ ಇಲ್ಲ ಎಂಬಂತೆ ತಲೆಯಾಡಿಸಿದಳು. ಭುಜ ಮುದುಡಿ ನಡುಗಿ ತೋರಿಸಿದಳು. ಎದ್ದು ಹೋಗಿ ಗೋಡೆಯ ಗಡಿಯಾರದಲ್ಲಿ ನಾಲ್ಕರ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಕಣ್ಣು ಮುಚ್ಚಿಕೊಂಡಳು. ಆಮೇಲೆ ಸುಪಾರ್ಶ್ವನ ತೋಳು ಮುಟ್ಟಿ ಏನೋ ಕೇಳಿದಳು. ಅವನು ತಲೆ ತಗ್ಗಿಸಿದ.

"ಏನಂತಾರ?" ಎಂದಳು ಬ್ರಾಹ್ಮಿ.

"ಭಾಳ ಛಲೋ ಐತಿ ಅಂತಾರ."

ಬ್ರಾಹ್ಮಿ ಗಡಿಯಾರ ನೋಡಿದಳು. ಅವನನ್ನು ನೋಡಿದಳು. ಕೈಯಲ್ಲಿದ್ದ ಸೆರಗು ಜಾರಿ ಕೆಳಗೆ ಬಿತ್ತು.

ಮೇಮ್‌ಸಾಬ್‌ಳನ್ನು ಮೋಟಾರಿನ ತನಕ ಬಿಡಲು ಪದ್ಮರಾಜ ಹೋದ. ಸೀರೆ ಮಡಚುತ್ತಲೇ ಬ್ರಾಹ್ಮಿ ಕೇಳಿದಳು:

"ಅಲ್ಲಿ ನಾಕಕ್ಕ ಕತ್ತಲಾಗತೈತೇನು?"

"ಚಳಿಗಾಲದಾಗ ಅಷ್ಟ. ಬ್ಯಾಸಿಗ್ಯಾಗ ನಾ ಹೇಳಿದ್ದು ಖರೇನ."

"ನಿಮ್ಮ ಸಾಲಿ ಯಾವಾಗ ಬಿಡತಿತ್ತು?"

"ಐದೂವರಿಗೆ."

"ಮತ್ತ ಊಟ?"

ಅವನು ಕೆಳಗೆ ಬಿದ್ದಿದ್ದ ಸೆರಗನ್ನು ಎತ್ತಿ ಅವಳ ಕಡೆ ಚಾಚಿದ.

"ಮತ್ತ ಊಟ ಅಂತ ಕೇಳಿದೆ."

"ಮಧ್ಯಾಹ್ನ ಒಂದೀಟು ಬ್ರೆಡ್ಡು, ಚಾ. ಉಳದದ್ದೆಲ್ಲಾ ಬಟಾಟಿ, ಉಳ್ಳಾಗಡ್ಡಿ, ಮಾಂಸ. ಆಮ್ಯಾಲ ಮರುದಿನ ಹೊತ್ತು ಹುಟ್ಟೂ ತನಕ ನೀರೂ ಇಲ್ಲ. ಅಲ್ಲಿ ಹೊತ್ತು ಹುಟ್ಟೂದೂ ತಡಾ." ಅವನು ನಗಲು ನೋಡಿದ. "ಮನಿ ಮಾಲಕಳು ಮುದುಕಿ ಭಾಳ ಛಲೋ ಹೆಣಮಗಳು. ದಿನಾ ತಾಟು ಬಿಸಿ ಮಾಡಿ ಇಡತಿದ್ಲು. ನಾ ಹೊರಗ ಉಂಡೇನಿ ಅಂತಿದ್ದೆ. ವಾಸನಿ ಮ್ಯಾಲಿನ ಖೋಲಿತನಕ ಬರತಿತ್ತು. ಹಾಸಿಗ್ಯಾಗ ಬಿದ್ದು ನಿಮ್ಮ ಮನಿ ರೊಟ್ಟಿ ನೆನಸತಿದ್ದೆ. ರೊಟ್ಟಿ ಅಂದ್ರ, ಅದನ್ನ ಬಡಿಯೂ ಆಕಿನ್ನೂ."

ಬ್ರಾಹ್ಮಿಯ ಕೈ ನಿಂತಿತು.

"ಒಮ್ಮೆ ಟ್ರಾಮ್ ಹತ್ತೂ ಮುಂದ ಕಣ್ಣಿಗಿ ಕತ್ತಲಿ ಬಂದು ಬಿದ್ದೆ. ಯಾರೋ ಗುರುತಿಲ್ಲದಂವಾ ತನ್ನ ಕೋಟ ಹೊಚ್ಚಿ ಮನಿತನಕ ಮುಟ್ಟಿಸಿ ಹ್ವಾದ. ಮಂದಿ ಖರೇನ ಛಲೋ ಬ್ರಾಹ್ಮಿ. ಹಾಲೂ ಖರೇನ ಬಾಗಲದಾಗ ಇರತಿತ್ತು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಅವ್ವ ಅಳತಿದ್ಲು. ಅಪ್ಪ..."

"ನಾ ನಿಮ್ಮವ್ವ ಅಲ್ಲ. ಹಿತ್ತಲದಾಗ ಬಂದು, ನನಗಷ್ಟ ಹೇಳ್ರಿ ಅಂತ ಕೇಳಿದ್ನಲ್ಲಾ! ನನಗ ಯಾಕ ಹೇಳಲಿಲ್ಲ?"

"ನಿನ್ನ ಬಿಟ್ಟು ಹ್ವಾದಂವಾ ಅಲ್ಲಿ ಉಪವಾಸ ಬಿದ್ದು ಬಂದೆ ಅಂತ ಹೆಂಗ ಹೇಳಲಿ? ಸ್ವರ್ಗ ಅಂದ್ರ ನನ್ನ ಕೂಡ ಬರತೀ ಅಂತ ಮಾಡಿದ್ದೆ. ಇಲ್ಲಾ, ಹೋಗಬ್ಯಾಡ್ರಿ ಅಂತೀ ಅಂತ. ನೀ ಹೋಗ್ರಿ ಅಂದಿ."

"ಸ್ವರ್ಗಕ್ಕ ನಾ ಯಾಕ ಬೇಕಾಗಿತ್ತು ನಿನಗ?" ಸಿಟ್ಟಿನಲ್ಲಿ ರೀ ಬಿಟ್ಟುಹೋದದ್ದು ಅವಳಿಗೇ ತಿಳಿಯಲಿಲ್ಲ. "ಹಸದಿದ್ದೆ ಅಂದಿದ್ರ ಅವತ್ತ ನಿನ್ನ ಗಾಡಿ ಹತ್ತತಿದ್ದೆ. ಬುತ್ತಿ ಕಟಗೊಂಡು ನಿನ್ನ ಸಾಲಿ ಬಾಗಲದಾಗ ನಿಂದರತಿದ್ದೆ. ಹೊತ್ತು ಮುಳಗತೈತಿ, ಹೊರಗ ಬಾ ಅಂತ ಒದರತಿದ್ದೆ. ಅಷ್ಟೂ ಗೊತ್ತಾಗಲಿಲ್ಲ ನಿನಗ?"

"ಈಗ ಹೇಳತೀನಿ. ಹಸದಿದ್ದೆ ಬ್ರಾಹ್ಮಿ. ಈಗ ಬರತೀಯೇನು?"

ಹೊರಗೆ ಬಳೆಗಾರನ ಮುಂದೆ ಕೂತ ಇಂದ್ರವ್ವ ಮದುವೆಯ ಬಳೆ ಇಡಿಸಿಕೊಳ್ಳುತ್ತ ಕಿಲಕಿಲ ನಗುತ್ತಿದ್ದಳು. ಹಸಿರು ಬೇಕು, ಅದಲ್ಲ, ಕಡುಹಸಿರು ಎಂದು ಹಟ ಮಾಡುತ್ತಿದ್ದಳು. ಇಬ್ಬರಿಗೂ ಕೇಳಿಸಿತು.

"ನಾ ಬಂದ್ರ ಆಕಿ ಬಳಿನೂ ಒಡದಾಂಗ," ಎಂದಳು ಬ್ರಾಹ್ಮಿ.

ಅವನು ಹೌದೆಂಬಂತೆ ತಲೆಯಾಡಿಸಿದ. ಮತ್ತೆ ಕೇಳಲಿಲ್ಲ.

ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಬ್ರಾಹ್ಮಿ ಎದ್ದು ಮಣೆ ಹಾಕಿದಳು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆನೆಮೊಸರು ಬಡಿಸಿದಳು. ಅವನು ತಲೆ ಎತ್ತದೆ ಉಂಡ. ಒಂದು ರೊಟ್ಟಿ ಮುಗಿಯುವುದರೊಳಗೆ ಇನ್ನೊಂದು ತಾಟಿಗೆ ಬೀಳುತ್ತಿತ್ತು.

"ಸಾಕು."

"ಸಾಕು ಅಂದ್ರ ಕೇಳೂವರ್ಯಾರು? ಮೂರು ಚಳಿಗಾಲದ ಊಟ ಬಾಕಿ ಐತಿ."

ಅವನು ನಕ್ಕ. ಹುಬ್ಬು ಮೇಲೇರಿತು. ಬ್ರಾಹ್ಮಿ ಬೇಗ ಬೇಗ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಹೊರಗೆ ಬಂದಾಗ ಕೈಯಲ್ಲಿ ಪುಟಾಣಿ ಕಡಲೆ, ಬೆಲ್ಲ ಕಟ್ಟಿದ ಚೀಲವಿತ್ತು.

"ಅಲ್ಲಿ ಮೂರೂವರೀಗೆ ಹೊರಗ ಬಂದು ಒಂದು ಮುಟಗಿ ಬಾಯಾಗ ಹಾಕ್ಕೋ. ತೀರಿದ ಮ್ಯಾಲ ಅಲ್ಲಿದ ಏನರ ಹುಡಿಕ್ಕೋ. ಇಷ್ಟರ ಕೇಳು ನನ್ನ ಮಾತು."

ಮದುವೆಗೆ ಮೊದಲೇ ಅವನು ಹೊರಟ. ಕುಡಚಿ ಸ್ಟೇಶನ್ನಿಗೆ ಗಾಡಿ ಕಟ್ಟಿದಾಗ ಬ್ರಾಹ್ಮಿ ಈ ಸಲ ಕಿಟಕಿಯ ಸಂದಿಯಲ್ಲಿ ನಿಲ್ಲಲಿಲ್ಲ, ಬಾಗಿಲಿಗೇ ಬಂದು ನಿಂತಳು. ಗಾಡಿ ತಿರುವು ದಾಟುವ ತನಕ ಅವನು ಹಿಂದಕ್ಕೆ ನೋಡುತ್ತಲೇ ಇದ್ದ.

ಭರಮಣ್ಣ ಒಳ್ಳೆಯವನು. ಅವನ ಮೇಲೆ ಹೇಳುವಂಥದ್ದು ಏನೂ ಇಲ್ಲ. ಇಂದ್ರವ್ವನಂತೂ ಸುಖವಾಗಿದ್ದಳು.

ಛಟ್ಟಿ ಅಮಾವಾಸ್ಯೆಗೆ ಬ್ರಾಹ್ಮಿ ತವರಿಗೆ ಬಂದಳು. ಚಳಿ ಬಿದ್ದಿತ್ತು. ಎದುರುಮನೆಯ ಕಟ್ಟೆಯ ಮೇಲೆ ಕಮಲಾಬಾಯಿ ಸಂಜೆಯ ಊಟ ಮುಗಿಸಿ ಕೂತಿದ್ದಳು. ಕರೆದು ಪಕ್ಕದಲ್ಲಿ ಕೂಡಿಸಿಕೊಂಡಳು.

"ನೋಡವಾ, ಚಳಿಗಾಲ ಬಂತಂದ್ರ ನಮಗ ಅವಸರ. ಕೆಲಸ ಮುಗಿಯೂದ್ರಾಗ ಹೊತ್ತ ಮುಳಗತೈತಿ. ನನ್ನ ಮಗಾಗ ಈ ಚಿಂತಿ ಇಲ್ಲ. ಅಲ್ಲಿ ಹತ್ತರ ತನಕ ಬೆಳಕ ಅಂತ. ಸಾವಕಾಶ ಉಣತಿರತಾನ. ನಿನ್ನ ಮುಂದೂ ಹೇಳ್ಯಾನಲ್ಲಾ?"

ಮುದುಕಿ ನಗುಮುಖದಿಂದ ಅವಳನ್ನೇ ನೋಡುತ್ತಿದ್ದಳು. ನನಗ ಯಾಕ ಹೇಳಲಿಲ್ಲ ಎಂದು ತಾನು ಅವನನ್ನು ಅಷ್ಟು ಗದರಿದ್ದು ಬ್ರಾಹ್ಮಿಗೆ ನೆನಪಾಯಿತು.

"ಹೌದ್ರಿ ಅತ್ತಿ," ಎಂದಳು. "ಅಲ್ಲಿ ಹೊತ್ತು ಲಗೂನ ಮುಳಗೂದಿಲ್ಲ."

"ಪುಣ್ಯೇವಂತರ ದೇಶ."

"ಹೌದ್ರಿ."

ಆಚೆ ತಮ್ಮ ಮನೆಯಿಂದ ಅವ್ವ ಕೂಗಿದಳು: "ಬ್ರಾಹ್ಮಿ, ಉಣ್ಣಾಕ ಬಾರ, ಹೊತ್ತು ಮುಳಗಾಕತ್ತೈತಿ!"

ಬಸದಿಯ ಗೋಡೆಯ ಮೇಲೆ ಒಂದಿಷ್ಟು ಬಿಸಿಲು ಉಳಿದಿತ್ತು. ಬ್ರಾಹ್ಮಿ ಅದು ಹೋಗುವ ತನಕ ಕಟ್ಟೆಯಿಂದ ಏಳಲಿಲ್ಲ.

"ಇವತ್ತ ನನಗ ಹಸಿವಿಲ್ಲವ್ವಾ," ಎಂದಳು.