ಹಳದಿ ಗೆರೆಯ ಕೊನೆಗೊಂದು ಚುಕ್ಕೆ

ನಾಲ್ಕು ನಿಂಬೆಹಣ್ಣುಗಳೂ ಗಾಲಿಗಳ ಕೆಳಗೆ ಸರಿಯಾಗಿಯೇ ಒಡೆದಿದ್ದವು. ಗೇಟಿನೆದುರು ಅವುಗಳ ರಸ ಇನ್ನೂ ಆರಿರಲಿಲ್ಲ. ಅಲ್ಲಿಂದ ಇಳಿಜಾರಿನಲ್ಲಿ ನೂರು ಗಜ ಕೆಳಗೆ, ಓಣಿಯ ತುದಿಯ ಕಲ್ಲುಗೋಡೆಗೆ ಮುಖ ಜಜ್ಜಿಕೊಂಡು ಹಸಿರು ಪಿಕಪ್ ನಿಂತಿತ್ತು. ಬಾನೆಟ್ಟಿನ ಮೇಲಿನ ಚೆಂಡುಹೂವಿನ ಹಾರ ಹರಿದಿರಲಿಲ್ಲ. ಒಳಗೆ ಸ್ಟಿಯರಿಂಗಿಗೂ ಸೀಟಿಗೂ ನಡುವೆ ಶಿವಪ್ರಕಾಶರ ಎದೆ ಸಿಕ್ಕಿಕೊಂಡಿತ್ತು.

ಇನ್‌ಸ್ಪೆಕ್ಟರ್ ಭವಾನಿ ತಾರ್ನಾಕದ ಆ ಓಣಿಗೆ ಬಂದಾಗ ಶನಿವಾರ ಬೆಳಿಗ್ಗೆ ಎಂಟು ಗಂಟೆ.

"ಬ್ರೇಕ್ ಹೋಗಿದೆ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್ ಯಾದಗಿರಿ ತೆಲುಗಿನಲ್ಲಿ. "ಅರವತ್ತು ವರ್ಷದ ಗಾಡಿ. ಹೋಗದೆ ಇನ್ನೇನು?"

ಅರವತ್ತೈದನೇ ಇಸವಿಯ ವಿಲ್ಲಿಸ್ ಪಿಕಪ್ ಅದು. ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ಶಿವಪ್ರಕಾಶ ಮನೆಗೆ ಎಳೆತಂದಿದ್ದರು. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗ ಜೋಡಿಸುತ್ತ ಮೂವತ್ತೆರಡು ವರ್ಷ ಕಳೆದ ಫಿಟ್ಟರ್ ಅವರು. ನಿವೃತ್ತರಾದ ಮೇಲೆ ಮೂರು ವರ್ಷ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲೇ ಇದ್ದರು. ಹಳೆಯ ಬಣ್ಣ ಕೆರೆದರು. ತಳಕ್ಕೆ ಹೊಸ ತಗಡು ಬೆಸೆದರು. ಹಿಂದೆ ಸಾಗುವಾನಿ ಹಲಗೆ ಹಾಸಿದರು. ಪವರ್ ಸ್ಟಿಯರಿಂಗ್ ಕೂರಿಸಿದರು, ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಹಾಕಿದರು. ಇವತ್ತು ಮೊದಲ ಓಟ. ಮೂಲೆಯ ಹನುಮಂತನ ಗುಡಿಯವರೆಗೆ ಮಾತ್ರ.

ಮನೆಯ ಮೆಟ್ಟಿಲ ಮೇಲೆ ಹೆಂಡತಿ ಶಾಮಲಾಬಾಯಿ ಕುಳಿತಿದ್ದರು. ಅಳುತ್ತಿರಲಿಲ್ಲ. ಎದುರಿಗೆ ನಿಂತಿದ್ದ ಯುವಕನತ್ತ ಬೆರಳು ಚಾಚಿದರು.

"ಇಂವನ್ನ ಕೇಳ್ರಿ ಮೇಡಂ. ಬ್ರೇಕಿನ ಕೆಲಸ ಇಂವನೇ ಮಾಡ್ಯಾನ."

ಅಮಿತ. ಶಿವಪ್ರಕಾಶರ ತಂಗಿಯ ಮಗ. ಗಚ್ಚಿಬೌಲಿಯಲ್ಲಿ ನೌಕರಿ. ಪ್ರತಿ ಭಾನುವಾರ ಬಂದು ಮಾಮನ ಜೊತೆ ಗಾಡಿಯ ಕೆಳಗೆ ಮಲಗುತ್ತಿದ್ದವನು.

"ಹೌದ್ರಿ," ಎಂದ. "ಎಣ್ಣಿ ಪೈಪ್ ನಾನೇ ಜೋಡಿಸಿದ್ದೆ. ನಟ್ಟು ಬಿಗಿ ಮಾಡೀನಿ ಅನಸ್ತದ. ಆದ್ರ ಈಗ ಖರೇ ನೆನಪಾಗವಲ್ದು."

"ನೆನಪಾಗವಲ್ದಂತ! ಜೀವ ತಗೊಂಡು ನೆನಪಾಗವಲ್ದಂತ!" ಶಾಮಲಾಬಾಯಿ ಎದ್ದು ನಿಂತರು. "ಇಂವನ್ನ ಬಿಡಬ್ಯಾಡ್ರಿ. ನಾದಿನಿ ಮಗ ಆದ್ರೇನು? ಜೈಲಿಗೆ ಹಾಕ್ರಿ. ಕೋರ್ಟಿನ್ಯಾಗ ನಾನೇ ಬಂದು ಹೇಳ್ತೀನಿ."

"ಅತ್ತಿ..."

"ಅತ್ತಿ ಅನಬ್ಯಾಡ! ಇನ್ನ ಮ್ಯಾಲೆ ಆ ಮಾತು ನಿನ್ನ ಬಾಯಾಗ ಬರಬಾರದು."

ಅಮಿತ ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ನಿಂತ. ತಪ್ಪು ತನ್ನದೆಂದು ಅವನು ಆಗಲೇ ಒಪ್ಪಿಕೊಂಡಾಗಿತ್ತು. ಇನ್ನು ಪೊಲೀಸರೂ ಒಪ್ಪಿಕೊಂಡರೆ ಆ ಕೈಗಳನ್ನು ಹೊತ್ತುಕೊಂಡೇ ಅವನು ಬಾಳಬೇಕು.

ಭವಾನಿ ಏನನ್ನೂ ಬರೆದುಕೊಳ್ಳಲಿಲ್ಲ. ಕೇಳುತ್ತ ಕೂರುವುದು ಅವಳ ರೂಢಿ. ಕಾಚಿಗೂಡದ ಮನೆಯಲ್ಲಿ ತಂದೆ ದಿನಾ ಸಂಜೆ ದೀಪ ಹಚ್ಚಿ ಪದ್ಯ ಓದುತ್ತಿದ್ದರು. ಮೂಲೆಯಲ್ಲಿ ಕುಳಿತು ಕೇಳಿ ಬೆಳೆದವಳು ಅವಳು. ಬಾಯಿಪಾಠ ಯಾವುದು, ಎದೆಯಿಂದ ಬಂದ ಮಾತು ಯಾವುದು ಎಂಬುದು ಅವಳ ಕಿವಿಗೆ ಅಲ್ಲಿಯೇ ಗೊತ್ತಾಗಿತ್ತು.

ಮೂರು ಮನೆ ಮೇಲಿನ ಸೂರ್ಯನಾರಾಯಣರಾಯರು ಶಾಮಲಾಬಾಯಿಗೆ ನೀರು ತಂದುಕೊಟ್ಟರು. ಅದೇ ಕಾರ್ಖಾನೆಯಿಂದ ನಿವೃತ್ತರಾದವರು. ಬಿಳಿ ಧೋತರ, ಹಣೆಗೆ ಗಂಧ.

"ಕೊನೇ ಸಲ ಇಲ್ಲಿಗೆ ಯಾವಾಗ ಬಂದಿದ್ರಿ ಕಾಕಾ?" ಎಂದಳು ಭವಾನಿ.

"ನಿನ್ನೆ ಸಂಜಿ ಆರಕ್ಕ ಬಂದಿದ್ದೆ. ಶಿವಪ್ರಕಾಶ ಮನ್ಯಾಗ ಇರಲಿಲ್ಲ. ಗೇಟಿನ್ಯಾಗ ನಿಂತು, ನಾಳೆ ಎಲ್ಲಾ ಚಲೋ ಆಗ್ಲಿ ಅಂತ ಹೇಳಿ ಹೊಂಟೆ."

ಭವಾನಿ ಕಿವಿಗೆ ಕೈ ಹಚ್ಚಿದಳು. "ಸರಿಯಾಗಿ ಕೇಳಸ್ಲಿಲ್ರಿ. ಇನ್ನೊಮ್ಮೆ ಹೇಳ್ರಿ."

ರಾಯರು ಹೇಳಿದರು. ಒಂದಕ್ಷರ ಹೆಚ್ಚಲಿಲ್ಲ, ಒಂದಕ್ಷರ ಕಡಿಮೆಯಾಗಲಿಲ್ಲ.

* * *

ಮಧ್ಯಾಹ್ನಕ್ಕೆ ಗಾಡಿ ಪರೀಕ್ಷಿಸುವವನು ಸ್ಟೇಷನ್ನಿನ ಅಂಗಳದಲ್ಲಿ ಅದರ ಕೆಳಗೆ ತೆವಳಿ ಹೊರಬಂದ.

"ಬ್ರೇಕ್ ಎಣ್ಣೆಯ ಮುಖ್ಯ ಪೈಪಿನ ನಟ್ಟು ಅರ್ಧ ಸುತ್ತು ಸಡಿಲ ಇದೆ ಮೇಡಂ. ನಾಲ್ಕೈದು ಸಲ ಮೆಲ್ಲಗೆ ತುಳಿದರೆ ಬ್ರೇಕ್ ಹಿಡಿಯುತ್ತದೆ. ಇಳಿಜಾರಿನಲ್ಲಿ ಜೋರಾಗಿ ತುಳಿದರೆ ಎಣ್ಣೆಯೆಲ್ಲ ಚಿಮ್ಮಿ ಹೋಗುತ್ತದೆ. ಹಳೇ ಗಾಡಿ. ಆ ಒಂದು ಪೈಪು ಹೋದರೆ ನಾಲ್ಕು ಗಾಲಿಗೂ ಬ್ರೇಕಿಲ್ಲ."

"ಹ್ಯಾಂಡ್ ಬ್ರೇಕ್?"

"ಕೇಬಲ್ಲೇ ಹಾಕಿಲ್ಲ. ಇನ್ನೂ ಬರಬೇಕಿತ್ತೋ ಏನೋ."

ಯಾದಗಿರಿ ಒಂದು ಹೆಸರು ಹಿಡಿದುಕೊಂಡು ಬಂದ. ರವಿಶಂಕರ್. ಜ್ಯೂಬಿಲಿ ಹಿಲ್ಸ್‌ನಲ್ಲಿ ಹಳೆಯ ಗಾಡಿಗಳನ್ನು ಕೂಡಿಟ್ಟುಕೊಂಡವನು. ಈ ಪಿಕಪ್ ಬೇಕೆಂದು ಆರು ಸಲ ಬಂದಿದ್ದ. ಆರು ಸಲವೂ ಶಿವಪ್ರಕಾಶ ಚಹಾ ಕುಡಿಸಿ ಕಳಿಸಿದ್ದರು. ಕಳೆದ ವಾರ ಅವನು ಗೇಟಿನಲ್ಲಿ ನಿಂತು ಕೂಗಿದ್ದನ್ನು ಇಡೀ ಓಣಿ ಕೇಳಿತ್ತು: ಈ ಗಾಡಿ ನಿನ್ನ ಕೈಯಲ್ಲಿ ಉಳಿಯೋದಿಲ್ಲ!

ಭವಾನಿ ಫೋನ್ ಮಾಡಿದಳು. ವಿಷಯ ತಿಳಿದ ರವಿಶಂಕರ್ ಹಿಂದಿಯಲ್ಲಿ ಕೇಳಿದ: "ಪಾಪ. ಮುಂದಿನ ಜಾಲರಿ? ಅದಾದರೂ ಉಳಿದಿದೆಯಾ? ಅಸಲಿ ಜಾಲರಿ ಮೇಡಂ ಅದು. ದೇಶದಲ್ಲೆಲ್ಲೂ ಸಿಗುವುದಿಲ್ಲ."

ಅವಳು ಫೋನ್ ಇಟ್ಟಳು. "ಇವನಲ್ಲ."

"ಯಾಕೆ ಮೇಡಂ? ಬೆದರಿಸಿದ್ದಾನಲ್ಲ."

"ಸತ್ತವನಿಗಿಂತ ಜಾಲರಿಗೆ ಹೆಚ್ಚು ಮರುಗುತ್ತಿದ್ದಾನೆ. ಗಾಡಿ ಬೇಕಾದವನು ಅದನ್ನು ಕಲ್ಲಿಗೆ ಗುದ್ದಿಸುವುದಿಲ್ಲ."

ಪರೀಕ್ಷಿಸುವವನು ಎಣ್ಣೆಯ ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತಿದ್ದ. "ಒಂದು ಮಾತು ಮೇಡಂ. ಆ ನಟ್ಟಿನ ಮೇಲೆ ಹಳದಿ ಬಣ್ಣದ ಗೆರೆ ಇದೆ. ಗೆರೆ ನೆಟ್ಟಗಿದೆ, ನಟ್ಟು ಮಾತ್ರ ಸಡಿಲ."

* * *

ಮರುದಿನ ಬೆಳಿಗ್ಗೆ ಅವಳು ಅಮಿತನನ್ನು ಶೆಡ್ಡಿಗೆ ಕರೆತಂದಳು. ನಟ್ಟು ಬಿಗಿಯುವ ಪಾನಾಗಳು ಅಳತೆಯ ಕ್ರಮದಲ್ಲಿ ತೂಗುಬಿದ್ದಿದ್ದವು. ಗೋಡೆಯ ಮೇಲೆ ಹನುಮಂತನ ಪಟ. ಬೆಂಚಿನ ಮೇಲೆ ಹಳದಿ ಬಣ್ಣದ ಪುಟ್ಟ ಬಾಟಲಿ.

"ಇದೇನು?"

"ಮಾಮಾನ ಪದ್ಧತಿ ರಿ. ನಟ್ಟು ಪೂರಾ ಬಿಗಿ ಆದ ಮ್ಯಾಲೆ ಅದರ ಮ್ಯಾಲಿಂದ ಪಕ್ಕದ ಕಬ್ಬಿಣದ ಮ್ಯಾಲೆ ಒಂದು ಗೆರಿ ಎಳೀತಿದ್ರು. ನಾಳೆ ನಟ್ಟು ತಿರುಗಿದ್ರ ಗೆರಿ ಮುರೀತದ, ನೋಡಿದ ಕೂಡ್ಲೇ ಗೊತ್ತಾಗ್ತದ. ಕಾರ್ಖಾನ್ಯಾಗ ಹಂಗ ಮಾಡ್ತಾರಂತ. ಗಾಡಿ ಚಾಲೂ ಮಾಡೂ ಮೊದಲು ದಿನಾ ಬ್ಯಾಟರಿ ಹಿಡದು ಎಲ್ಲಾ ಗೆರಿ ನೋಡ್ತಿದ್ರು."

"ಬಿಗಿ ಆಗೂ ಮೊದಲು ಎಂದಾದ್ರೂ ಎಳದಾರೇನು?"

"ಸಾಧ್ಯನ ಇಲ್ರಿ. ನಾ ಬಿಗೀತಿದ್ದೆ. ಅವರು ಮತ್ತೊಮ್ಮೆ ಪಾನಾ ಹಾಕಿ ನೋಡಿ, ಆಮ್ಯಾಲೆ ಗೆರಿ."

ಭವಾನಿ ಮೆಲ್ಲಗೆ ಹೇಳಿದಳು: "ಹಂಗಾದ್ರ ಕೇಳು ತಮ್ಮಾ. ನೀ ಬಿಗಿಯೂದು ಮರತಿದ್ರ ಆ ನಟ್ಟಿನ ಮ್ಯಾಲೆ ಗೆರೀನ ಇರ್ತಿರಲಿಲ್ಲ. ತಾನ ಸಡಿಲ ಆಗಿದ್ರ ಗೆರಿ ಮುರೀತಿತ್ತು. ಸಡಿಲ ನಟ್ಟಿನ ಮ್ಯಾಲೆ ನೆಟ್ಟಗ ಗೆರಿ ಐತಿ. ಅಂದ್ರ ಯಾರೋ ಸಡಿಲ ಮಾಡಿ, ಹಳೇ ಗೆರಿ ಒರೆಸಿ, ಹೊಸಾದು ಎಳದಾರ."

ಅಮಿತ ಬೆಂಚು ಹಿಡಿದುಕೊಂಡ. ನಿನ್ನೆಯಿಂದ ಬಿಗಿಹಿಡಿದಿದ್ದ ಉಸಿರು ಅಳುವಾಗಿ ಹೊರಬಂತು.

"ಇನ್ನೊಂದು." ಅವಳು ಆ ನಟ್ಟಿನ ಫೋಟೋ ತೋರಿಸಿದಳು. "ಗೆರಿ ಕೊನೀಗೆ ಈ ಚುಕ್ಕಿ ಯಾಕ?"

ಅವನು ಕಣ್ಣೊರೆಸಿಕೊಂಡು ನೋಡಿದ. "ಚುಕ್ಕಿ? ಮಾಮಾ ಎಂದೂ ಚುಕ್ಕಿ ಇಟ್ಟಿಲ್ರಿ."

ಆ ಗಾಡಿಯ ಮೇಲೆ ಗೆರೆ ಎಳೆದ ನಟ್ಟುಗಳು ಅರವತ್ತಮೂರು. ಚುಕ್ಕೆ ಇದ್ದದ್ದು ಅದೊಂದಕ್ಕೇ.

ಹೊರಗೆ ಬರುವಾಗ ಶೆಡ್ಡಿನ ಕಿಟಕಿಯ ಕಟ್ಟೆಯ ಮೇಲೆ ಚಹಾದ ಕಪ್ಪು ಕಂಡಿತು. ತಳದಲ್ಲಿ ಒಣಗಿದ ಚಹಾ.

"ಇದು ಯಾರ್ದು ಅಕ್ಕಾರ?"

"ಸೂರ್ಯನಾರಾಯಣರಾವ್ ಅವರ್ದು," ಎಂದರು ಅಂಗಳದಲ್ಲಿ ನಿಂತಿದ್ದ ಶಾಮಲಾಬಾಯಿ. "ಶುಕ್ರವಾರ ಸಂಜಿ ಇವರು ಹೂವು ತರಾಕ ಹೋಗಿದ್ರು. ಅವರು ಶೆಡ್ಡಿನ್ಯಾಗ ಕಾಯ್ತಾ ಕೂತಿದ್ರು, ಅಲ್ಲೇ ಕೊಟ್ಟೆ. ಮೂರು ವರ್ಷದಿಂದ ದಿನಾ ಬಂದು ಅಲ್ಲೇ ಕೂಡ್ತಾರಲ್ಲ."

ಗೇಟಿನಲ್ಲಿ ನಿಂತು ಹೊರಟವರಿಗೆ ಶೆಡ್ಡಿನಲ್ಲಿ ಚಹಾ.

* * *

ಸೂರ್ಯನಾರಾಯಣರಾಯರು ಗುಡಿಗೆ ಹೋಗಿದ್ದರು. ಬಾಗಿಲು ತೆರೆದದ್ದು ಹೆಂಡತಿ ವಾಸಂತಿ. ಭವಾನಿಯನ್ನು ಪಡಸಾಲೆಯ ತೂಗುಮಂಚದ ಮೇಲೆ ಕೂರಿಸಿ ಒಳಗೆ ಹೋದರು. ಭವಾನಿ ತಲೆಯೆತ್ತಿ ನೋಡಿದಳು. ಸರಪಳಿ ಹಿಡಿದಿದ್ದ ನಟ್ಟಿನ ಮೇಲೆ ಹಳದಿ ಗೆರೆ. ಗೆರೆಯ ಕೊನೆಗೆ ಚುಕ್ಕೆ. ಫ್ಯಾನಿನ ಬುಡದಲ್ಲಿಯೂ ಗೆರೆ, ಚುಕ್ಕೆ.

"ಕಾಕಾ ಅವರ ಕೈಯೇನ್ರಿ ಇದು?"

ಚಹಾ ತಂದ ವಾಸಂತಿ ಎರಡು ದಿನದಲ್ಲಿ ಮೊದಲ ಸಲ ನಕ್ಕರು. "ಅಯ್ಯ, ಅದೊಂದು ಚಟ ರಿ ಅವರಿಗೆ. ಕಾರ್ಖಾನ್ಯಾಗ ಇನ್‌ಸ್ಪೆಕ್ಟರ್ ಇದ್ರಲ್ಲ. ಫಿಟ್ಟರ್ ಗೆರಿ ಎಳದ ಮ್ಯಾಲೆ ಇವರು ನೋಡಿ ಪಾಸ್ ಅಂತ ಚುಕ್ಕಿ ಇಡೂದು. ಈಗ ಗ್ಯಾಸಿನವ ಬಂದು ಹೋದ್ರೂ ಹಿಂದ ಚುಕ್ಕಿ! ಒಂದಿನ ನನ್ನ ಹಣಿಗೂ ಇಡ್ತಾರ ಅಂತಿದ್ದೆ."

ಗೋಡೆಯ ಮೇಲೆ ಹಾರ ಹಾಕಿದ ಒಂದು ಹುಡುಗನ ಫೋಟೋ.

"ಪ್ರಜ್ವಲ," ಎಂದರು ವಾಸಂತಿ. ನಗು ಆರಿತ್ತು. "ಎಂಟು ವರ್ಷ ಆತು. ಬೈಕ್ ಬಿತ್ತು. ಹಿಂದಿನ ವಾರನ ಅದರ ಬ್ರೇಕು ಶಿವಪ್ರಕಾಶ ಹೊಸಾದು ಹಾಕಿಕೊಟ್ಟಿದ್ದ. ದವಾಖಾನ್ಯಾಗ ಹುಡುಗ ಒಂದೇ ಮಾತು ಅಂದ. ಬ್ರೇಕ್ ಹಿಡದೆ ಅಪ್ಪಾ, ನಿಲ್ಲಲಿಲ್ಲ ಅಂತ. ಇವರು ಅದನ್ನ ಮತ್ತ ಎಂದೂ ಆಡಿಲ್ಲ. ಬೈಕು ಹಿತ್ತಲದಾಗ ತಾಡಪತ್ರಿ ಹೊಚ್ಚಿ ಹಂಗ ಇಟ್ಟಾರ. ಯಾರಿಗೂ ಮುಟ್ಟಗೊಡೂದಿಲ್ಲ. ತಾವೂ ಮುಟ್ಟೂದಿಲ್ಲ."

ಭವಾನಿ ಚಹಾ ಮುಗಿಸಿ, ಸ್ಟೇಷನ್ನಿಗೆ ಹೋಗಿ ಎಂಟು ವರ್ಷದ ಹಿಂದಿನ ಕಡತ ತೆಗೆಸಿದಳು.

* * *

ಸೋಮವಾರ ಬೆಳಿಗ್ಗೆ ರಾಯರ ಮನೆಯ ಹಿತ್ತಲಿನಲ್ಲಿ ಎಲ್ಲರೂ ಇದ್ದರು. ರಾಯರು ಬಾವಿಕಟ್ಟೆಯ ಮೇಲೆ ನೆಟ್ಟಗೆ ಕುಳಿತಿದ್ದರು. ಕಪ್ಪು, ಗೆರೆ, ಚುಕ್ಕೆ ಎಲ್ಲವನ್ನೂ ಭವಾನಿ ಒಂದೊಂದಾಗಿ ಹೇಳಿದಳು.

"ಗೆರಿ ನೀವು ಬೇಕಂತ ಎಳದ್ರಿ. ಇಲ್ಲಂದ್ರ ಶಿವಪ್ರಕಾಶ ಅವರು ಬೆಳಿಗ್ಗೆ ಹಿಡೀತಿದ್ರು. ಚುಕ್ಕಿ ಮಾತ್ರ ಕೈ ತಾನ ಇಟ್ಟಿತು. ಮೂವತ್ತು ವರ್ಷದ ರೂಢಿ. ಶನಿವಾರ ಬೆಳಿಗ್ಗೆ ಅವರ ಕಣ್ಣಿಗೆ ಆ ಚುಕ್ಕಿ ಬಿದ್ದರೂ ಬಿದ್ದಿರಬೇಕು. ಚುಕ್ಕಿ ಕಂಡ್ರ ಪಾಸ್ ಅಂತ ಮುಂದ ಹೋಗೂದು ಅವರಿಗೂ ರೂಢಿ."

ರಾಯರು ತಡವರಿಸಲಿಲ್ಲ.

"ಹೌದು. ನಾನೇ. ಎಂಟು ವರ್ಷ ಅಂವನ ಜೋಡಿ ಚಹಾ ಕುಡದೆ. ಪ್ರತಿ ಗುಟುಕಿಗೆ ನನ್ನ ಮಗನ ಹೆಸರು ಅಂದೆ. ಅಂವ ಗಾಡಿ ಕಟ್ಟಾಕ ಸುರು ಮಾಡಿದ ದಿನಾನ ಗೊತ್ತಾತು, ದೇವರು ದಾರಿ ತೋರ್ಸಿದ ಅಂತ. ಮೂರು ವರ್ಷ ಕಾದೆ. ಸಡಿಲ ನಟ್ಟಿನಿಂದ ನನ್ನ ಮಗನ್ನ ಕೊಂದ. ಸಡಿಲ ನಟ್ಟಿನಿಂದ ಹ್ವಾದ. ಲೆಕ್ಕ ಚುಕ್ತಾ."

ವಾಸಂತಿ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಯಾದಗಿರಿ ರಾಯರ ತೋಳು ಹಿಡಿದ.

"ನಿಲ್ಲಸ್ರಿ," ಎಂದರು ಶಾಮಲಾಬಾಯಿ.

ಅವರು ಭವಾನಿಯತ್ತ ತಿರುಗಿದರು. "ಆ ಕಡತದಾಗಿಂದು ಹೇಳ್ರಿ ಮೇಡಂ. ಬೆಳಿಗ್ಗೆ ನನಗ ಹೇಳಿದ್ದು."

"ಅಕ್ಕಾರ, ಅದು ಈಗ..."

"ಹೇಳ್ರಿ. ಇಂವ ಅದನ್ನ ಕೇಳದ ಸುಖದಾಗ ಜೈಲಿಗೆ ಹೋಗಬಾರದು."

ಭವಾನಿ ಹೇಳಿದಳು. ಕಡತದಲ್ಲಿ ಒಂದು ಸಾಲು ಇತ್ತು. ರಸ್ತೆಯ ಮರಳಿನ ಮೇಲೆ ಎರಡೂ ಟೈರುಗಳು ಉಜ್ಜಿದ ಗುರುತು, ಹನ್ನೊಂದು ಅಡಿ.

ರಾಯರ ಮುಖದ ಬಣ್ಣ ಬದಲಾಯಿತು. ಬ್ರೇಕ್ ಹಿಡಿಯದ ಗಾಡಿಯ ಟೈರು ರಸ್ತೆಗೆ ಉಜ್ಜುವುದಿಲ್ಲ. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬ್ರೇಕ್ ಹಿಡಿದಿತ್ತು. ಮರಳು ಜಾರಿತ್ತು.

ಶಾಮಲಾಬಾಯಿ ತಾಡಪತ್ರಿ ಹಿಡಿದು ಎಳೆದರು. ಎಂಟು ವರ್ಷದ ಧೂಳು ಎದ್ದಿತು. ಸೆರಗಿನಿಂದ ಮುಂದಿನ ಗಾಲಿಯ ಬ್ರೇಕು ಒರೆಸಿದರು.

"ಬರ್ರಿ ಕಾರ್ಖಾನಿ ಇನ್‌ಸ್ಪೆಕ್ಟರ್ ಸಾಹೇಬ್ರ. ಕಣ್ಣು ತಗದು ನೋಡ್ರಿ."

ಯಾದಗಿರಿ ಕೈಬಿಟ್ಟ. ರಾಯರು ಎದ್ದುಬಂದು ಮಣ್ಣಿನಲ್ಲಿ ಮೊಣಕಾಲೂರಿದರು. ನಟ್ಟಿನ ಮೇಲೆ ಮಾಸಿದ ಹಳದಿ ಗೆರೆ. ನೆಟ್ಟಗೆ, ಒಂದು ಕೂದಲೆಳೆಯಷ್ಟೂ ಮುರಿಯದೆ. ಅವರ ಬೆರಳು ನಟ್ಟನ್ನು ತಿರುಗಿಸಲು ನೋಡಿತು. ಅದು ಅಲುಗಲಿಲ್ಲ.

ಆ ಗೆರೆಗೆ ಚುಕ್ಕೆ ಇರಲಿಲ್ಲ. ಅದನ್ನು ಇಡಬೇಕಾದವರು ಎಂಟು ವರ್ಷ ತಾಡಪತ್ರಿ ಎತ್ತಿರಲಿಲ್ಲ.

ಕಿಟಕಿಯಲ್ಲಿ ರಾಯರದೇ ಹಳದಿ ಬಾಟಲಿ ಇತ್ತು. ಶಾಮಲಾಬಾಯಿ ಅದನ್ನು ತಂದು ಅವರ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

"ನೋಡಿದ್ರಲ್ಲ? ನನ್ನ ಗಂಡನ ಕೆಲಸ ಪಾಸೋ, ನಪಾಸೋ? ಪಾಸಾಗಿದ್ರ ಚುಕ್ಕಿ ಇಡ್ರಿ."

ರಾಯರು ಬಾಟಲಿ ತೆರೆದು ಅದರ ಕುಂಚ ಹೊರತೆಗೆದರು. ಕುಂಚ ನಟ್ಟಿನವರೆಗೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಗೆರೆಯ ತುದಿಗೆ ಹಳದಿಯ ಒಂದು ಹನಿ ಕೂತಿತು. ಆಗ ಅವರ ಗಂಟಲಿನಿಂದ ಹೊರಟ ದನಿ ಕೇಳಿ ಯಾದಗಿರಿ ಮುಖ ತಿರುಗಿಸಿದ. ಶಾಮಲಾಬಾಯಿ ತಿರುಗಿಸಲಿಲ್ಲ. ಪೂರ್ತಿ ಕೇಳಿದರು.

ಆಮೇಲೆ ಸೆರಗಿನ ಧೂಳು ಕೊಡವಿದರು. ಗೇಟಿನ ಬಳಿ ಅಮಿತ ದೂರದಲ್ಲೇ ನಿಂತಿದ್ದ.

"ನಡಿ ಮನಿಗೆ," ಎಂದರು. "ಎರಡು ದಿನ ಆತು ನೀ ಉಂಡಿಲ್ಲ. ಉಂಡ ಮ್ಯಾಲೆ ಶೆಡ್ಡಿನ ಬಾಗಲಾ ತಗಿಯೂಣು. ಆ ಗಾಡಿ ವಾಪಸ್ ಬಂದ ಕೂಡ್ಲೇ ಕೆಲಸ ಸುರು. ನಟ್ಟು ನೀ ಬಿಗಿ. ಗೆರಿ ನಾ ಎಳೀತೀನಿ."

"ಹೂಂ ಅತ್ತಿ," ಎಂದ ಅಮಿತ.

ಈ ಸಲ ಅವರು ಬೇಡವೆನ್ನಲಿಲ್ಲ.